ಗಣಕಯಂತ್ರದ ತರ್ಜುಮೆದಾರ

ವಿದ್ಯಾರ್ಜನೆಗೆ ಅಡ್ಡಿಯಾಗುವ ಕಾರಣಗಳನ್ನು ಎಣಿಸುವಾಗ ನಾವು ಬಡತನವನ್ನೂ ಆಲಸ್ಯವನ್ನೂ ಮೊದಲು ಹೇಳುವೆವು. ಅವೆರಡೂ ದಿಟವೇ. ಆದರೆ ಮೂರನೆಯದೊಂದುಂಟು, ಬೇಕಾದ ಸಾಧನವು ಎಲ್ಲಿ ದೊರೆಯುವುದೆಂದು ಹೇಳುವವರು ಹತ್ತಿರದಲ್ಲಿ ಇಲ್ಲದಿರುವುದು. ದೊಡ್ಡ ಪಟ್ಟಣದಲ್ಲಿರುವವರಿಗೆ ಈ ಕಷ್ಟವು ಅಷ್ಟಾಗಿ ತಿಳಿಯದು. ಗುಂಡ್ಲುಪೇಟೆಯ ಸುತ್ತಲಿನ ಹಳ್ಳಿಯೊಂದರಲ್ಲಿ ಕುಳಿತು ಉನ್ನತ ವ್ಯಾಸಂಗವನ್ನು ಮುಂದುವರಿಸುವ ಹೆಣ್ಣುಮಗಳಿಗೆ ಅದು ಚೆನ್ನಾಗಿ ತಿಳಿದಿರುವುದು. ನಮ್ಮ ಮನೆತನದಲ್ಲಿಯೇ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳುವೆನು. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಓದುವ ಮಕ್ಕಳಿರುವರಾದುದರಿಂದ ಇದು ನಿರುಪಯುಕ್ತವಾಗಲಾರದೆಂದು ನಂಬುವೆನು.

ನಾನು ಚಾಮರಾಜನಗರದಲ್ಲಿ ಬಹುಕಾಲ ಪ್ರೌಢಶಾಲೆಯ ಮಕ್ಕಳಿಗೆ ಗಣಿತವನ್ನು ಹೇಳಿಕೊಟ್ಟು ಈಗ ವಿಶ್ರಾಂತಿಯಲ್ಲಿರುವವನು. ನನ್ನ ತಂಗಿಯನ್ನು ಗುಂಡ್ಲುಪೇಟೆಯ ಕಡೆಗೆ, ತೆರಕಣಾಂಬಿಯ ದಾರಿಯಲ್ಲಿರುವ ಒಂದು ಹಳ್ಳಿಗೆ ಕೊಟ್ಟಿದೆ. ಭಾವನವರಿಗೆ ನಾಲ್ಕು ಎಕರೆ ಭೂಮಿ. ಅರಿಸಿನ, ಚೆಂಡುಹೂವು, ಈರುಳ್ಳಿ, ಹೀಗೆ ಮಳೆಯನ್ನೂ ಬೆಲೆಯನ್ನೂ ನಂಬಿದ ಬೇಸಾಯ. ಅವರ ಹಿರಿಯ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಮೈಸೂರಿನಲ್ಲಿ ಭೌತವಿಜ್ಞಾನದ ಎಂ.ಎಸ್‌ಸಿ. ತರಗತಿಯನ್ನು ಸೇರಿದ್ದಳು. ಎರಡನೆಯ ವರ್ಷದಲ್ಲಿ ಅವಳ ಅಧ್ಯಾಪಕರು ಒಂದು ಕಾರ್ಯವನ್ನು ವಿಧಿಸಿದರು. ಬಿಸಿಲಿನ ಕಾವು ನೆಲದೊಳಗೆ ಎಷ್ಟು ಆಳಕ್ಕೆ, ಎಷ್ಟು ಹೊತ್ತಿಗೆ ಇಳಿಯುವುದೆಂಬುದನ್ನು ಗಣಕಯಂತ್ರದಿಂದ ಲೆಕ್ಕ ಹಾಕಿಸಬೇಕು. ಅದಕ್ಕೆ ಹಳೆಯ ಪ್ರೋಗ್ರಾಮೊಂದನ್ನು ಆಧಾರವಾಗಿ ಕೊಟ್ಟರು. ಅದು ಫಾರ್ಟ್ರಾನ್ ಎಂಬ ಭಾಷೆಯಲ್ಲಿತ್ತು.

ಆ ಹೊತ್ತಿಗೆ ಸರಿಯಾಗಿ ನನ್ನ ತಂಗಿಯು ಕಾಯಿಲೆ ಬಿದ್ದಳು. ಮಗಳು ಮೈಸೂರಿನ ಪ್ರಯೋಗಶಾಲೆಯನ್ನು ಬಿಟ್ಟು ಮನೆಗೆ ಬರಬೇಕಾಯಿತು. ಕೆಲಸವನ್ನು ಒಪ್ಪಿಸಲು ಉಳಿದಿದ್ದುದು ಐದು ವಾರ ಮಾತ್ರ. ಮನೆಯಲ್ಲಿ ಇದ್ದುದು ಒಬ್ಬರಿಂದ ಕೊಂಡ ಹಳೆಯದೊಂದು ಲ್ಯಾಪ್‌ಟಾಪು. ಅವಳು ಪೇಟೆಯಲ್ಲಿ ವಿಚಾರಿಸಿದಾಗ ಕಂಪ್ಯೂಟರು ಕಲಿಸುವ ಒಂದು ಕಡೆಯವರು, "ಆ ಭಾಷೆ ಸತ್ತು ಎಷ್ಟೋ ಕಾಲವಾಯಿತು. ಹದಿನೆಂಟು ಸಾವಿರ ಕಟ್ಟಿದರೆ ಮೂರು ತಿಂಗಳಲ್ಲಿ ಹೊಸದೊಂದನ್ನು ಕಲಿಸುವೆವು" ಎಂದರಂತೆ. ಇನ್ನೊಬ್ಬ ಅಂಗಡಿಯವನು, ಅದರ ಕಂಪೈಲರಿಗೆ ಬಹಳ ಬೆಲೆಯಾಗುವುದೆಂದೂ, ತಾನು ಅದರ ಕಳ್ಳಪ್ರತಿಯನ್ನು ಎರಡು ಸಾವಿರಕ್ಕೆ ಹಾಕಿಕೊಡುವೆನೆಂದೂ ಹೇಳಿದನು. ಭಾವನವರು ಹೆಂಡತಿಯ ಕೊರಳಿನ ಸರವನ್ನು ಅಡವಿಡುವ ಮಾತನ್ನೆತ್ತಿದರು. ಅದು ಸರಿದೋರದಿದ್ದಾಗ, "ಇನ್ನು ಓದಿದ್ದು ಸಾಕು, ಮನೆಯಲ್ಲಿರಲಿ" ಎಂದೂ ಅವರ ಬಾಯಲ್ಲಿ ಬಂದಿತು. ತಂಗಿಯು ಹಾಸಿಗೆಯಿಂದಲೇ ನನಗೆ ಫೋನು ಮಾಡಿಸಿ, "ಅಣ್ಣ, ನೀನೊಂದು ಸಲ ಬಂದು ನೋಡು. ಹುಡುಗಿ ಊಟ ಬಿಟ್ಟಿದ್ದಾಳೆ" ಎಂದಳು. ಆಷಾಢದಲ್ಲಿ ಚಾಮರಾಜೇಶ್ವರನ ರಥೋತ್ಸವ ಮುಗಿದು ಕೆಲವು ದಿನಗಳಾಗಿದ್ದವು. ನಾನು ಮರುದಿನವೇ ಬಸ್ಸು ಹತ್ತಿದೆನು.

ಮುಂದಿನದನ್ನು ಹೇಳುವುದಕ್ಕೆ ಮುನ್ನ ಈ ಫಾರ್ಟ್ರಾನ್ ಎಂಬುದೇನೆಂದು ವಾಚಕರಿಗೆ ತಿಳಿಸುವುದು ಅವಶ್ಯ. ಗಣಕಯಂತ್ರಕ್ಕೆ ತನ್ನದೇ ಆದ ಒಂದು ಭಾಷೆಯುಂಟು. ಅದರಲ್ಲಿ ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರಗಳು. ಮನುಷ್ಯರು ಅದರಲ್ಲಿ ಬರೆಯುವುದು ಮಹಾ ಕಷ್ಟ. ಆದುದರಿಂದ ನಾವು ನಮಗೆ ತಿಳಿಯುವ ರೀತಿಯಲ್ಲಿ ಬರೆದುದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ತರ್ಜುಮೆದಾರನೊಬ್ಬನು ಬೇಕು. ಅವನೇ ಕಂಪೈಲರು. ಕಂಪೈಲರು ಮನುಷ್ಯನಲ್ಲ, ಅದೂ ಒಂದು ಪ್ರೋಗ್ರಾಮೇ. ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತ ಪತ್ರಬರಹಗಾರನು ನಮ್ಮ ಮಾತನ್ನೆಲ್ಲ ಕೇಳಿ ಕಚೇರಿಗೆ ಒಪ್ಪುವಂತೆ ಬರೆದುಕೊಡುವನಲ್ಲವೇ? ಹಾಗೆಯೇ ಇದೂ. ನಾವು ಹೇಳಿದುದರಲ್ಲಿ ಲೋಪವಿದ್ದರೆ ಇಂಥ ಸಾಲಿನಲ್ಲಿ ಇಂಥ ತಪ್ಪೆಂದು ತೋರಿಸಿ ಹಿಂದಿರುಗಿಸುವುದು.

ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಎಂಬವರೂ ಅವರ ಸಂಗಡಿಗರೂ 1954ರಿಂದ ದುಡಿದು, 1957ರಲ್ಲಿ ಈ ಭಾಷೆಯನ್ನೂ ಅದರ ಕಂಪೈಲರನ್ನೂ ಹೊರತಂದರು. ಸೂತ್ರಗಳ ಭಾಷಾಂತರವೆಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿದುದೇ ಫಾರ್ಟ್ರಾನ್ ಎಂಬ ಹೆಸರು. ಆ ತಂಡದಲ್ಲಿ ಲೋಯಿಸ್ ಹೇಬ್ಟ್ ಎಂಬ ಹೆಣ್ಣುಮಗಳೂ ಇದ್ದಳು. ಕಾಲೇಜನ್ನು ಮುಗಿಸಿದೊಡನೆಯೇ ಈ ಕೆಲಸಕ್ಕೆ ಬಂದವಳು. ಭರತಖಂಡಕ್ಕೆ ಈ ವಿದ್ಯೆಯು ಬಂದುದರಲ್ಲಿ ಕಾನಪುರದ ಐಐಟಿಯ ಪಾತ್ರವು ದೊಡ್ಡದು. ಅಲ್ಲಿಗೆ 1963ರಲ್ಲಿ ಐಬಿಎಂ 1620 ಎಂಬ ಯಂತ್ರವು ಬಂದಿತು. ಅಲ್ಲಿ ಫಾರ್ಟ್ರಾನನ್ನು ಕಲಿಸಿದವರಲ್ಲೊಬ್ಬರಾದ ಪ್ರೊಫೆಸರ್ ವಿ. ರಾಜಾರಾಮನ್ ಅವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಆ ಸಂಸ್ಥೆಯ ಗಣನ ಸೌಕರ್ಯವನ್ನು ಬೆಳೆಸಿದರು. ಅವರು ಬರೆದ ಪಠ್ಯಪುಸ್ತಕಗಳಿಂದಲೇ ನಮ್ಮ ದೇಶದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಈ ಭಾಷೆಯನ್ನು ಕಲಿತರು.

ಇನ್ನು ಇದು ಸತ್ತ ಭಾಷೆಯೇ? ಅಲ್ಲವೇ ಅಲ್ಲ. 1977, 1990, 2003, 2018 ಎಂಬ ಹೆಸರುಗಳ ಪರಿಷ್ಕಾರಗಳನ್ನು ಕಂಡು, 2023ರಲ್ಲಿ ಮತ್ತೊಮ್ಮೆ ಪರಿಷ್ಕೃತವಾಯಿತು. ನಾಳೆ ಮಳೆ ಬರುವುದೋ ಇಲ್ಲವೋ ಎಂಬುದನ್ನು ಗಣಿಸುವ ಲೋಕದ ದೊಡ್ಡ ದೊಡ್ಡ ಪ್ರೋಗ್ರಾಮುಗಳು ಬಹುಮಟ್ಟಿಗೆ ಈ ಭಾಷೆಯಲ್ಲಿಯೇ ಇರುವುವು. ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗವು ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಮಿಕ್ಕ ಗಣನೆಗಳನ್ನು ಮಾಡಬಲ್ಲುದು. ಅಂತಹ ಯಂತ್ರಗಳ ಮೇಲೆ ನಡೆಯುವ ಕೆಲಸದಲ್ಲಿಯೂ ಫಾರ್ಟ್ರಾನಿಗೆ ಪಾಲುಂಟು. ಘಟ್ಟದ ಮಳೆಯ ನೆರಳಿನಲ್ಲಿ ಕುಳಿತು ಆಕಾಶವನ್ನು ನೋಡುವ ನಮ್ಮ ಗುಂಡ್ಲುಪೇಟೆಯ ರೈತನಿಗೂ ಈ ಭಾಷೆಗೂ ಹೀಗೆ ಸಂಬಂಧವಿದೆ.

ನಾನು ಹಳ್ಳಿಯನ್ನು ತಲುಪಿದಾಗ ಹುಡುಗಿಯು, "ಮಾವ, ಆ ಎರಡು ಸಾವಿರದ ಪ್ರತಿಯನ್ನಾದರೂ ತರಿಸಲೇ?" ಎಂದು ಕೇಳಿದಳು. ನಾನು, "ಮಗು, ಕದ್ದ ಹಣತೆಯಲ್ಲಿ ದೀಪ ಹಚ್ಚುವುದು ಬೇಡ. ನಿನ್ನ ಅಧ್ಯಾಪಕರನ್ನೇ ಕೇಳು, ಕೇಳುವುದಕ್ಕೆ ನಾಚಿಕೆಯೇನು?" ಎಂದೆನು. ತಾಯಿಯ ಕಾಯಿಲೆಯನ್ನು ಹೇಳಿಕೊಂಡು ಅವರನ್ನು ತೊಂದರೆಪಡಿಸಬಾರದೆಂದು ಅವಳು ಸುಮ್ಮನಿದ್ದಳು. ಅಂದು ಸಂಜೆ ಧೈರ್ಯಮಾಡಿ ಫೋನು ಮಾಡಿದಳು. ಅವರು ಬಹಳ ಸಹನೆಯಿಂದ ಎಲ್ಲವನ್ನೂ ವಿವರಿಸಿದರು. ಆ ವಿವರವನ್ನು ಇಲ್ಲಿ ಸಂಗ್ರಹಿಸುವೆನು.

ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಆರಂಭಿಸಿದ ಗ್ನೂ ಎಂಬ ಯೋಜನೆಯವರು, ಯಾರು ಬೇಕಾದರೂ ಉಪಯೋಗಿಸಬಹುದಾದ, ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಂಪೈಲರುಗಳನ್ನು ಮಾಡಿಟ್ಟಿರುವರು. ಅವುಗಳಲ್ಲಿ ಫಾರ್ಟ್ರಾನಿಗೆ ಸಂಬಂಧಪಟ್ಟುದು ಜಿಫಾರ್ಟ್ರಾನ್. 2005ರಿಂದ ಅದು ಆ ಸಂಗ್ರಹದಲ್ಲಿ ಸೇರಿದೆ. ಅದಕ್ಕೆ ಒಂದು ಕಾಸಿನ ಬೆಲೆಯೂ ಇಲ್ಲ. ಅದನ್ನು ಪಡೆಯುವುದು ಕಳ್ಳತನವೂ ಅಲ್ಲ, ದಾನವೂ ಅಲ್ಲ, ಎಲ್ಲರಿಗೂ ಇರುವ ಹಕ್ಕು. ಊರ ಬಾವಿಯಿಂದ ನೀರು ಸೇದಿದಂತೆ. ಉಬುಂಟು ಮೊದಲಾದ ಲಿನಕ್ಸ್ ಯಂತ್ರಗಳಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಅದು ಬಂದು ಕುಳಿತುಕೊಳ್ಳುವುದು. ವಿಂಡೋಸ್ ಯಂತ್ರವುಳ್ಳವರು ಎಂಸಿಸ್2 ಎಂಬುದರ ಮೂಲಕ ಪಡೆಯಬಹುದು. ಇಂಟೆಲ್ ಸಂಸ್ಥೆಯ ಫಾರ್ಟ್ರಾನ್ ಕಂಪೈಲರಿಗೆ ಹಿಂದೆ ಬಹಳ ಬೆಲೆಯಿತ್ತು; ಒನ್‌ಎಪಿಐ ಎಂಬ ಹೆಸರಿನ ಸಲಕರಣೆಗಳೊಡನೆ ಅದೂ ಈಗ ಉಚಿತವಾಗಿ ದೊರೆಯುವುದು. ಎನ್ವಿಡಿಯಾ ಸಂಸ್ಥೆಯದೂ ಒಂದುಂಟು. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ದೈವಯೋಗದಿಂದ ಉಬುಂಟುವೇ ಇತ್ತು. ತಂದೆಯ ಫೋನಿನ ಇಂಟರ್ನೆಟ್ಟನ್ನು ಅದಕ್ಕೆ ಕೊಟ್ಟು, ಕರೆಂಟು ಹೋಗಿ ಬಂದು ಮಾಡುತ್ತಿದ್ದ ಆ ರಾತ್ರಿ, ಊಟದ ಹೊತ್ತಿಗೆ ಮೊದಲೇ ಕಂಪೈಲರನ್ನು ತಂದುಕೊಂಡೆವು. ಭಾವನವರು, "ಇಷ್ಟಕ್ಕೇ ಆ ಹದಿನೆಂಟು ಸಾವಿರವೋ?" ಎಂದು ಬೆರಗಾಗಿ ನಿಂತರು.

ಆದರೆ ಸಾಧನ ಸಿಕ್ಕಿದ ಮಾತ್ರಕ್ಕೆ ವಿದ್ಯೆ ಬಂದಂತಾಗಲಿಲ್ಲ. ಅಧ್ಯಾಪಕರ ಪ್ರೋಗ್ರಾಮನ್ನು ಕೊಟ್ಟೊಡನೆ ಕಂಪೈಲರು ನೂರಾರು ತಪ್ಪುಗಳನ್ನು ತೋರಿಸಿತು. ಹುಡುಗಿಯ ಕಣ್ಣಿನಲ್ಲಿ ನೀರು ಬಂದಿತು. ಪುಸ್ತಕವಿಲ್ಲದೆ ಇದು ಸಾಗದೆಂದು ನಾನು ಮಾರನೆಯ ದಿನ ಮೈಸೂರಿಗೆ ಹೋಗಿ, ಹಳೆಯ ಪುಸ್ತಕದ ಅಂಗಡಿಯಲ್ಲಿ ರಾಜಾರಾಮನ್ ಅವರ ಫಾರ್ಟ್ರಾನ್ 77ರ ಪುಸ್ತಕವನ್ನು ನೂರಿಪ್ಪತ್ತು ರೂಪಾಯಿಗೆ ಹುಡುಕಿ ತಂದೆನು. ಅದರಲ್ಲಿ ಕಾರಣವು ತಿಳಿಯಿತು. ಹಿಂದೆ ಪ್ರೋಗ್ರಾಮುಗಳನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಬರೆಯುತ್ತಿದ್ದರು. ಕಾರ್ಡಿಗೆ 80 ಮನೆಗಳು. ಮೊದಲ ಐದು ಮನೆಗಳು ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಸಾಲು ಮುಂದುವರಿದುದೆಂಬ ಗುರುತಿಗೆ, 7ರಿಂದ 72ರವರೆಗೆ ಮಾತ್ರ ಬರಹಕ್ಕೆ. ಮೊದಲ ಮನೆಯಲ್ಲಿ ಸಿ ಎಂಬ ಅಕ್ಷರವಿದ್ದರೆ ಆ ಸಾಲು ಬರಿಯ ಟಿಪ್ಪಣಿ. 1990ರ ಪರಿಷ್ಕಾರದಲ್ಲಿ ಈ ಮಡಿವಂತಿಕೆಯಿಲ್ಲದ ಮುಕ್ತವಾದ ಬರಹಕ್ಕೂ ಅವಕಾಶವಾಯಿತು. ಕಡತದ ಹೆಸರು ಎಫ್90 ಎಂದು ಕೊನೆಗೊಂಡರೆ ಜಿಫಾರ್ಟ್ರಾನ್ ಅದನ್ನು ಹೊಸ ಪದ್ಧತಿಯದೆಂದೂ, ಬರಿಯ ಎಫ್ ಎಂದಿದ್ದರೆ ಹಳೆಯದೆಂದೂ ತಿಳಿಯುವುದು. ನಮ್ಮ ಹಳೆಯ ಪ್ರೋಗ್ರಾಮಿಗೆ ಹೊಸ ಹೆಸರು ಅಂಟಿಕೊಂಡಿತ್ತು. ಹೆಸರಿನ ಕೊನೆಯ ಎರಡು ಅಂಕಿಗಳನ್ನು ಅಳಿಸಿದೊಡನೆ ನೂರಾರು ತಪ್ಪುಗಳೂ ಮಾಯವಾದವು.

ಆ ಬಳಿಕ ಅವಳೇ ಒಂದು ಭಾಗವನ್ನು ಬರೆದು ಸೇರಿಸಬೇಕಾಗಿತ್ತು. ಅಧ್ಯಾಪಕರು ಕೊಟ್ಟ ಹಳೆಯ ಅಳತೆಗಳು ಫ್ಯಾರನ್‌ಹೀಟಿನಲ್ಲಿದ್ದವು. ಅವುಗಳನ್ನು ಸೆಲ್ಸಿಯಸ್ಸಿಗೆ ತರಬೇಕು. ಮೂವತ್ತೆರಡನ್ನು ಕಳೆದು ಒಂಬತ್ತನೆಯ ಐದು ಭಾಗದಿಂದ ಗುಣಿಸುವುದು ಪ್ರೌಢಶಾಲೆಯ ಲೆಕ್ಕ. ಅವಳು ಹಾಗೆಯೇ ಬರೆದಳು. ಯಂತ್ರವಾದರೋ ಉತ್ತರವೆಲ್ಲವನ್ನೂ ಸೊನ್ನೆಯೆಂದಿತು! ವೈಶಾಖದ ನಮ್ಮ ನೆಲವು ಹಿಮಾಲಯವಾಯಿತೇ ಎಂದು ತಂಗಿಯು ಹಾಸಿಗೆಯಲ್ಲಿಯೇ ನಕ್ಕಳು. ಪುಸ್ತಕವನ್ನು ತಿರುವಿದಾಗ ಇದರ ಗುಟ್ಟೂ ತಿಳಿಯಿತು. ಫಾರ್ಟ್ರಾನಿನಲ್ಲಿ ಸಂಖ್ಯೆಗಳಿಗೆ ಎರಡು ಜಾತಿ. ಪೂರ್ಣಾಂಕವೊಂದು, ದಶಮಾಂಶವುಳ್ಳದೊಂದು. ತೆಂಗಿನಕಾಯಿಯನ್ನು ಎಣಿಸಿ ಕೊಡುವೆವು, ಎಣ್ಣೆಯನ್ನು ಅಳೆದು ಕೊಡುವೆವು, ಹಾಗೆ. ಐದನ್ನು ಒಂಬತ್ತರಿಂದ ಭಾಗಿಸೆಂದು ಪೂರ್ಣಾಂಕಗಳಲ್ಲಿ ಬರೆದರೆ ಯಂತ್ರವು ಐದು ಕಾಯಿಗಳನ್ನು ಒಂಬತ್ತು ಜನರಿಗೆ ಒಡೆಯದೆ ಹಂಚಲು ಹೋಗಿ, ತಲೆಗೆ ಸೊನ್ನೆಯೆನ್ನುವುದು. 5.0, 9.0 ಎಂದು ಬಿಂದುವನ್ನಿಟ್ಟು ಬರೆದರೆ ಎಣ್ಣೆಯಂತೆ ಸರಿಯಾಗಿ ಅಳೆದುಕೊಡುವುದು.

ಹೀಗೆ ಒಂದೊಂದೇ ತೊಡಕು ಬಿಚ್ಚುತ್ತ ಬಂದಂತೆ, ಕನ್ನಡದಲ್ಲಿ ಒಂದು ನೋಟುಬುಕ್ಕನ್ನು ಬರೆದಿಡೆಂದು ಅವಳಿಗೆ ಹೇಳಿದೆನು. ನಮ್ಮ ಕೈಗೆ ಬಂದ ಪುಸ್ತಕಗಳೆಲ್ಲವೂ ಇಂಗ್ಲಿಷಿನವು. ಓದಿದುದು ಅರ್ಥವಾದರೂ ಮನಸ್ಸಿನಲ್ಲಿ ನಿಲ್ಲಲು ತಾಯ್ನುಡಿಯ ಆಸರೆ ಬೇಕು. ಡೂ ಎಂಬ ಆಜ್ಞೆಯು ಒಂದೇ ಕೆಲಸವನ್ನು ಹೇಳಿದಷ್ಟು ಸಾರಿ ಮಾಡಿಸುವುದು; ಅದರೆದುರು ಅವಳು "108 ಪ್ರದಕ್ಷಿಣೆ" ಎಂದು ಬರೆದಳು. ಒಂದೇ ಹೆಸರಿನ ಕೆಳಗೆ ಅನೇಕ ಸಂಖ್ಯೆಗಳನ್ನು ಸಾಲಾಗಿಡುವ ಅರೇ ಎಂಬುದಕ್ಕೆ "ಸಾಂಬಾರದ ಡಬ್ಬಿ" ಎಂದಳು. ಐ, ಜೆ, ಕೆ, ಎಲ್, ಎಂ, ಎನ್ ಎಂಬ ಅಕ್ಷರಗಳಿಂದ ಆರಂಭವಾಗುವ ಹೆಸರುಗಳನ್ನು, ನಾವು ಬೇರೆ ಹೇಳದಿದ್ದರೆ, ಭಾಷೆಯು ತಾನಾಗಿಯೇ ಪೂರ್ಣಾಂಕವೆಂದು ಭಾವಿಸುವುದು. ಇದರಿಂದ ಮೋಸಹೋಗದಿರಲು ಪ್ರೋಗ್ರಾಮಿನ ಮೊದಲಲ್ಲಿಯೇ ಇಂಪ್ಲಿಸಿಟ್ ನನ್ ಎಂದು ಬರೆಯಬೇಕು. ಅದಕ್ಕೆ ಅವಳ ಟಿಪ್ಪಣಿ: "ಹೇಳದೆ ಊಹಿಸಬೇಡ". ಇದು ಸಂಸಾರಕ್ಕೂ ಒಪ್ಪುವ ಮಾತೆಂದು ನನ್ನ ತಂಗಿಯ ಅಭಿಪ್ರಾಯ.

ಹೊಸ ಪದ್ಧತಿಯನ್ನು ಕಲಿಯುವುದಕ್ಕೆ ಅಧ್ಯಾಪಕರು ಎರಡು ದಾರಿಗಳನ್ನು ಹೇಳಿದರು. ಮೆಟ್‌ಕಾಫ್, ರೀಡ್, ಕೋಹೆನ್ ಎಂಬವರ ಆಧುನಿಕ ಫಾರ್ಟ್ರಾನಿನ ದೊಡ್ಡ ಪುಸ್ತಕವೊಂದು; ಅದು ಗ್ರಂಥಾಲಯದಲ್ಲಿ ನೋಡತಕ್ಕದ್ದು. ಇನ್ನೊಂದು, ಫಾರ್ಟ್ರಾನ್‌ಲ್ಯಾಂಗ್ ಎಂಬ ಹೆಸರಿನಲ್ಲಿ 2020ರಿಂದ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಒದಗಿಸಿರುವ ಪಾಠಗಳು. ಮೊದಲ ಕಲಿಕೆಗೆ ಅವೇ ಸಾಕು. ಹಳೆಯ ಪ್ರೋಗ್ರಾಮನ್ನು ಓದಬೇಕಾದವರು ಮಾತ್ರ 77ರ ಪುಸ್ತಕವೊಂದನ್ನೂ ಬಳಿಯಲ್ಲಿಟ್ಟುಕೊಳ್ಳುವುದು ಲೇಸು.

ನಾಲ್ಕನೆಯ ವಾರದ ಕೊನೆಯಲ್ಲಿ ಲೆಕ್ಕವು ಮುಗಿಯಿತು. ಮಧ್ಯಾಹ್ನದ ಕಾವು ನೆಲದೊಳಗೆ ಇಳಿಯುತ್ತ ಇಳಿಯುತ್ತ ಕುಗ್ಗುವುದಲ್ಲದೆ ತಡವಾಗಿಯೂ ತಲುಪುವುದೆಂಬುದು ಅಂಕಿಗಳಲ್ಲಿ ಕಂಡಿತು. ಭಾವನವರು ಅದನ್ನು ಕೇಳಿ, "ಅದಕ್ಕೇ ಅಲ್ಲವೇ ಅರಿಸಿನದ ಗೆಡ್ಡೆಗೆ ಎಲೆಯ ಹೊದಿಕೆ ಹಾಕುವುದು?" ಎಂದರು. ತಾವು ಕೈಯಿಂದ ಬಲ್ಲ ವಿಷಯವನ್ನೇ ಮಗಳು ಗಣಿತದಿಂದ ಹೇಳುವುದನ್ನು ಕೇಳಿದಂದಿನಿಂದ ಅವರು ಓದು ಸಾಕೆಂಬ ಮಾತನ್ನು ಮತ್ತೆ ಎತ್ತಲಿಲ್ಲ. ಕೆಲಸವನ್ನು ಒಪ್ಪಿಸಲು ಅವಳು ಮೈಸೂರಿಗೆ ಹೋದಳು. ಸರಕಾರಿ ಬಸ್ಸಿನಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲದುದರಿಂದ ಆ ವೆಚ್ಚವೂ ತಪ್ಪಿತು. ಪುಸ್ತಕದ ನೂರಿಪ್ಪತ್ತು ರೂಪಾಯಿಯೂ ನನ್ನ ಪ್ರಯಾಣದ ಖರ್ಚೂ, ಇಷ್ಟೇ ಒಟ್ಟು ವೆಚ್ಚ. ಸರವು ತಂಗಿಯ ಕೊರಳಿನಲ್ಲಿಯೇ ಉಳಿಯಿತು. ಅವಳು ಗುಣಹೊಂದಿ ಮನೆಗೆಲಸಕ್ಕೆ ತೊಡಗಿರುವಳು. ಮಗಳು ಎಂ.ಎಸ್‌ಸಿ. ಮುಗಿಸಿ, ಈಗ ಹವಾಮಾನದ ವಿಷಯದಲ್ಲಿ ಮುಂದೆ ಓದಲು ಪ್ರಯತ್ನಿಸುತ್ತಿರುವಳು.

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಕ್ಕಳು ಹೊಸ ವಿದ್ಯೆಯ ಹೆಸರೊಂದನ್ನು ಹೇಳಿದಾಗ, ಅದನ್ನು ಮಾರುವವರನ್ನು ಕೇಳುವುದಕ್ಕೆ ಮುನ್ನ ಕಲಿಸುವವರನ್ನು ಕೇಳಿರಿ. ಹಣ ಕಟ್ಟುವ ಮೊದಲು ಒಂದು ವಾರ ತಡೆಯಿರಿ. ಉಚಿತವಾಗಿ ನ್ಯಾಯವಾಗಿ ದೊರೆಯುವ ಸಾಧನವಿದೆಯೇ ಎಂದು ವಿಚಾರಿಸಿರಿ. ಕಲಿತ ಮಕ್ಕಳು ತಮ್ಮ ನೋಟುಬುಕ್ಕನ್ನು ಇನ್ನೊಬ್ಬರಿಗೆ ಕೊಡಲಿ. ನಮ್ಮ ಹುಡುಗಿಯ ಕನ್ನಡದ ನೋಟುಬುಕ್ಕಿನ ಎರಡು ಪ್ರತಿಗಳು ಈಗ ಚಾಮರಾಜನಗರದಲ್ಲಿ ಓದುತ್ತಿರುವ ಇಬ್ಬರು ಮಕ್ಕಳ ಕೈಯಲ್ಲಿರುವುವು. ಒಬ್ಬಳು ಮೊನ್ನೆ ಬಂದು, ಸಾಂಬಾರದ ಡಬ್ಬಿಯವರೆಗೆ ಓದಿರುವೆನೆಂದು ಹೇಳಿ ಹೋದಳು.