ನಮ್ಮ ಮನೆಯ ಎರಡು ಖಾಕಿ



ಪಿಂಚಣಿ ಅಂದ್ರೆ ಮುದುಕರ ವಿಷಯ, ನಮಗ್ಯಾಕೆ ಅಂತ ಪಕ್ಕದ ಹಾಳೆಗೆ ಹೋಗಬೇಡಿ. ನಮ್ಮ ಮನೆಯಲ್ಲಿ ಖಾಕಿ ತೊಟ್ಟವರು ಇಬ್ಬರು. ತಾತ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು 2005ರಲ್ಲಿ ನಿವೃತ್ತರಾದರು. ಚಿಕ್ಕಪ್ಪ 2009ರಲ್ಲಿ ಅಗ್ನಿಶಾಮಕ ಇಲಾಖೆಗೆ ಸೇರಿದರು. ಇಬ್ಬರಿಗೂ ಸಂಬಳ ಕೊಟ್ಟಿದ್ದು ಒಂದೇ ಸರ್ಕಾರ. ಆದರೆ ಮುಪ್ಪಿನಲ್ಲಿ ಇಬ್ಬರ ಕೈಗೆ ಬರೋದು ಬೇರೆ ಬೇರೆ.

ತಾತನ ಲೆಕ್ಕ ಸುಲಭ. ಕೊನೆಯ ಮೂಲವೇತನದ ಅರ್ಧ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಅಂಗಡಿಯಲ್ಲಿ ಬೆಲೆ ಏರಿದರೆ ತುಟ್ಟಿಭತ್ಯೆಯೂ ಏರುತ್ತೆ. ಕೆಲಸದಲ್ಲಿದ್ದಾಗ ಇದಕ್ಕಂತ ಅವರ ಸಂಬಳದಲ್ಲಿ ಒಂದು ಪೈಸೆಯೂ ಹಿಡಿದಿಲ್ಲ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ಬದುಕಿದ್ದೀನಿ ಅಂತ ಜೀವಿತ ಪ್ರಮಾಣಪತ್ರ ಕೊಟ್ಟು ಬರಬೇಕು ಅಷ್ಟೆ. (ಜೊತೆಗೆ ಹೋಗೋದು ನಾನು. ಬರುವಾಗ ಬೋಂಡ ಖಾತ್ರಿ!) ತಾತನ ನಂತರ ಅಜ್ಜಿಗೆ ಕುಟುಂಬ ಪಿಂಚಣಿಯೂ ಉಂಟು.

ಚಿಕ್ಕಪ್ಪನದು ಹೀಗಲ್ಲ. 2006ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಅನ್ನುವ ಹೊಸ ಯೋಜನೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರಲ್ಲಿ ಶೇಕಡಾ 10 ಪ್ರತಿ ತಿಂಗಳೂ ಕಡಿತವಾಗುತ್ತೆ. ಮೊದಲು ಸರ್ಕಾರವೂ ಅಷ್ಟೇ ಹಾಕುತ್ತಿತ್ತು, 2019ರಿಂದ ಶೇಕಡಾ 14 ಹಾಕುತ್ತಿದೆ. ಆ ಹಣ ಹೆಚ್ಚಾಗಿ ಸಾಲಪತ್ರಗಳಲ್ಲಿ, ಸ್ವಲ್ಪ ಷೇರುಗಳಲ್ಲಿ ಬೆಳೆಯಬೇಕು. 60 ವರ್ಷಕ್ಕೆ ನಿವೃತ್ತಿಯಾದಾಗ ನೂರಕ್ಕೆ ಅರವತ್ತು ರೂಪಾಯಿಯವರೆಗೆ ಕೈಗೆ ತಗೋಬಹುದು. ಉಳಿದ ನಲವತ್ತನ್ನು ವಿಮಾ ಕಂಪನಿಗೆ ಕೊಟ್ಟು, ಅವರು ಕೊಡುವ ತಿಂಗಳ ಹಣವನ್ನೇ ಪಿಂಚಣಿ ಅಂದುಕೊಳ್ಳಬೇಕು.

ನಾನೊಂದು ಲೆಕ್ಕ ಹಾಕಿದೆ. ಯಾರ ನಿಜವಾದ ಸಂಬಳವೂ ಅಲ್ಲ, ಬರೀ ಉದಾಹರಣೆ. ಕೊನೆಯ ಮೂಲವೇತನ 60,000 ಇದ್ದವರಿಗೆ ತಾತನ ಪದ್ಧತಿಯಲ್ಲಿ ತಿಂಗಳಿಗೆ 30,000, ಮೇಲೆ ತುಟ್ಟಿಭತ್ಯೆ. ಅದೇ ಮನುಷ್ಯನ ಹೊಸ ಖಾತೆಯಲ್ಲಿ 50 ಲಕ್ಷ ಸೇರಿದೆ ಅನ್ನಿ. 30 ಲಕ್ಷ ಕೈಗೆ, 20 ಲಕ್ಷ ಕಂಪನಿಗೆ. ವರ್ಷಕ್ಕೆ ಶೇಕಡಾ 6ರಂತೆ ಕೊಟ್ಟರೆ ತಿಂಗಳಿಗೆ 10,000 ಆಯ್ತು. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಕೈಗೆ ಬಂದ 30 ಲಕ್ಷ ಮದುವೆ, ಮನೆ, ಸಾಲ ಅಂತ ಎಷ್ಟು ದಿನ ಉಳಿಯುತ್ತೋ ನಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಚಿಕ್ಕಪ್ಪನ ಕೆಲಸ ಎಂಥದ್ದು ಅಂತ ನಿಮಗೆ ಗೊತ್ತು. ಸುಗ್ಗಿ ಮುಗಿದ ಮೇಲೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಬರೋದು ಅವರ ವಾಹನವೇ. ಬಾವಿಗೆ ಹಸು ಬಿದ್ದರೂ ಅವರೇ, ಕೆರೆಯಲ್ಲಿ ಹೆಣ ತೇಲಿದರೂ ಅವರೇ. ಹೊಗೆ ಕುಡಿದು ಬಂದ ರಾತ್ರಿ ಅವರು ಊಟ ಮಾಡಲ್ಲ, ಜಗಲಿ ಮೇಲೆ ಕೆಮ್ಮುತ್ತಾ ಕೂತಿರ್ತಾರೆ. “ಭಯ ಆಗಲ್ವಾ ಚಿಕ್ಕಪ್ಪ?” ಅಂತ ಕೇಳಿದೆ. “ಬೆಂಕಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ ಮಗ. ಅರವತ್ತಾದ ಮೇಲಿಂದು ಕಾಣಲ್ಲ” ಅಂದ್ರು.

ನಮ್ಮ ಗಣಿತದ ಮೇಷ್ಟ್ರು ಬೇರೆ ಮಾತು ಹೇಳಿದರು. “ಪಿಂಚಣಿ ದುಡ್ಡು ಆಕಾಶದಿಂದ ಉದುರಲ್ಲ ಕಣಮ್ಮ. ಈ ಶಾಲೆಯ ಹೆಂಚು, ನಿಮ್ಮ ಬಿಸಿಯೂಟ, ಆಸ್ಪತ್ರೆ ಔಷಧಿ ಎಲ್ಲಾ ಬರೋ ಬೊಕ್ಕಸದಿಂದಲೇ ಅದೂ ಬರಬೇಕು. ಜನ ಮೊದಲಿಗಿಂತ ಹೆಚ್ಚು ವರ್ಷ ಬದುಕ್ತಾರೆ. ಅದಕ್ಕೇ ಸರ್ಕಾರಗಳು ಹೆದರಿದವು.” ಇದೂ ಸುಳ್ಳಲ್ಲ. ಆದರೂ ರಾಜಸ್ಥಾನ, ಛತ್ತೀಸ್‌ಗಢ 2022ರಲ್ಲಿ, ಹಿಮಾಚಲ ಪ್ರದೇಶ 2023ರಲ್ಲಿ ಹಳೆಯ ಪದ್ಧತಿಗೆ ಮರಳಿದವು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ನಡುವಿನ ದಾರಿಯೊಂದನ್ನು ತೆರೆಯಿತು. ನೌಕರರ ಸಂಬಳದಲ್ಲಿ ಕಡಿತ ಇರುತ್ತೆ. ಆದರೆ ಅದನ್ನು ಆರಿಸಿಕೊಂಡು 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಚಿತ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರ 2004ರಲ್ಲಿ ಹೊಸ ಯೋಜನೆ ತಂದಾಗ ಸೇನೆಯ ಮೂರೂ ಪಡೆಗಳನ್ನು ಹೊರಗಿಟ್ಟಿತು. ಅವರ ಕೆಲಸ ಬೇರೆ ಥರದ್ದು ಅಂತ ತಾನೆ? ಹಾಗಾದರೆ ಪೊಲೀಸರನ್ನೂ ಬೆಂಕಿ ಆರಿಸುವವರನ್ನೂ ಕಚೇರಿಯ ನೌಕರರ ಸಾಲಿನಲ್ಲೇ ಯಾಕೆ ನಿಲ್ಲಿಸಿದರು? ಕಡಿತ ಬೇಡ ಅಂತ ನಾನು ಹೇಳಲ್ಲ. ಚಿಕ್ಕಪ್ಪನೂ ಹೇಳಲ್ಲ. ಕಡಿದುಕೊಳ್ಳಲಿ, ಆದರೆ ಇಷ್ಟಕ್ಕಿಂತ ಕಡಿಮೆ ಬರಲ್ಲ ಅಂತ ಒಂದು ಮಾತು ಕೊಡಲಿ.

ಇದನ್ನು ಓದಿ ಹೇಳಿದಾಗ 2006ರ ನಂತರ ಸೇರಿದ ಇನ್ನೊಬ್ಬ ಮೇಷ್ಟ್ರು ನಗುತ್ತಾ, “ಅವರಿಗೆ ಮಾತ್ರ ಸಾಕಾ? ನಮಗೆ ಬೇಡ್ವಾ?” ಅಂದ್ರು. ಬೇಡ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆದರೆ ಸಾರ್, ಐವತ್ತೆಂಟಕ್ಕೂ ನೀವು ಬೋರ್ಡಿನ ಮೇಲೆ ಚೆನ್ನಾಗೇ ಬರೀತೀರಿ. ಐವತ್ತೆಂಟರ ಮೊಣಕಾಲಲ್ಲಿ ಏಣಿ ಹತ್ತೋದು ಕಷ್ಟ. ಸಾಲಿನಲ್ಲಿ ಮೊದಲು ಅವರು ನಿಲ್ಲಲಿ, ಹಿಂದೆಯೇ ನೀವು.

ನಮ್ಮೂರ ಕೆರೆ ಏರಿ ಮೇಲೆ ದಿನಾ ಬೆಳಗಿನ ಜಾವ ಮೂವರು ಅಣ್ಣಂದಿರು ಪೊಲೀಸ್ ಸೆಲೆಕ್ಷನ್ನಿಗೆ ಅಂತ ಓಡ್ತಾರೆ. ನಿಮ್ಮ ಪಿಂಚಣಿ ಯಾವ ಥರದ್ದು ಗೊತ್ತಾ ಅಂತ ಅವರನ್ನೂ ಕೇಳಿದೆ. ಒಬ್ಬರು ಏದುಸಿರು ಬಿಡುತ್ತಾ, “ಮೊದಲು ಕೆಲಸ ಸಿಗಲಿ ತಾಯಿ” ಅಂದು ಮುಂದೆ ಓಡಿದರು.

– 9ನೇ ತರಗತಿಯ ವಿದ್ಯಾರ್ಥಿನಿ