ಭೀಮ, ಬಟಾಟೆ, ಬೆಟ್ಟದ ಊರು

ಬೆಟ್ಟದ ಮೇಲಿನ ಹಳ್ಳಿ ಎಂದ ಕೂಡಲೇ ಸದ್ದುಗದ್ದಲವಿಲ್ಲದ ಜಾಗ ಎಂದು ಅಂದುಕೊಳ್ಳುವುದು ಪೇಟೆಯವರ ರೂಢಿ. ಜಾವಾದ ನಡುಭಾಗದಲ್ಲಿರುವ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ನಸುಕಿಗೆ ಎದ್ದು ಕಿವಿಗೊಟ್ಟವರಿಗೆ ಬೇರೆಯೇ ಕೇಳಿಸುತ್ತದೆ. ಮಸೀದಿಯ ಬಾಂಗ್ ಮುಗಿಯುವುದರೊಳಗೆ ಕೋಳಿಗಳು ಕೂಗತೊಡಗುತ್ತವೆ. ಗೊಬ್ಬರದ ಚೀಲ ಹೇರಿಕೊಂಡ ಮೋಟಾರ್ ಸೈಕಲ್ಲುಗಳು ಏದುಸಿರು ಬಿಡುತ್ತಾ ಏರು ಹತ್ತುತ್ತವೆ. ಹೊಲದ ಅಂಚಿನಲ್ಲಿ ನೀರಿನ ಪಂಪು ಗುಡುಗುಡು ಎನ್ನುತ್ತದೆ. ಸಿಕಿಡಾಂಗ್ ಎಂಬ ಗಂಧಕದ ಕುಂಡವಂತೂ ಹಗಲೂ ರಾತ್ರಿ ಕೊತಕೊತ ಕುದಿಯುತ್ತಲೇ ಇರುತ್ತದೆ. ಇಷ್ಟು ಸದ್ದಿದ್ದೂ ಅದು ನೆಮ್ಮದಿಯ ಊರು. ಆ ನೆಮ್ಮದಿ ಎಲ್ಲಿಂದ ಬಂತು ಎನ್ನುವುದೇ ನನ್ನ ಇವತ್ತಿನ ಮಾತು. ನೇರ ದಾರಿಯಲ್ಲಿ ಹೋದರೆ ಅದು ಸಿಗುವುದಿಲ್ಲ. ಒಲೆ, ಗುಡಿ, ಕೂದಲು, ಅಕ್ಕಿ ಎಂದು ಒಂದಿಷ್ಟು ಸುತ್ತಾಡಬೇಕು.

ಮೊದಲು ಚಳಿಯಿಂದ ಹೊರಡೋಣ. ವೊನೊಸೊಬೊ ಪಟ್ಟಣದಿಂದ 26 ಕಿಲೋಮೀಟರ್ ಬೆಟ್ಟದ ದಾರಿ. ತಾಂಬಿಯ ಚಹಾ ತೋಟಗಳನ್ನು ಹಿಂದೆ ಹಾಕಿ ಮೇಲೇರಿದರೆ ಸುಮಾರು 2,000 ಮೀಟರ್ ಎತ್ತರದಲ್ಲಿ ನೆಲ ಸಮತಟ್ಟಾಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಇರುವುದು 1,930 ಮೀಟರಿನಲ್ಲಿ. ಅಂದರೆ ನಾವು ಕರ್ನಾಟಕದ ತುತ್ತತುದಿ ಎಂದು ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗಕ್ಕಿಂತ ಎತ್ತರದಲ್ಲಿ ಈ ಜನ ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಟಾಟೆ ನೆಡುತ್ತಾರೆ. ಅಲ್ಲೇ ಹತ್ತಿರದ ಸೆಂಬುಂಗಾನ್ ಇನ್ನೂ ಮೇಲೆ, ಸುಮಾರು 2,300 ಮೀಟರಿನಲ್ಲಿದೆ. ಜಾವಾದಲ್ಲೇ ಅತಿ ಎತ್ತರದ ಹಳ್ಳಿ ಅದು.

ಸಮಭಾಜಕ ವೃತ್ತದಿಂದ ಬರೀ 7 ಡಿಗ್ರಿ ದಕ್ಷಿಣಕ್ಕಿರುವ ಊರಿನಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದರೆ ಯಾರೂ ತಟ್ಟನೆ ನಂಬುವುದಿಲ್ಲ. ಆದರೆ ಜುಲೈ, ಆಗಸ್ಟ್ ತಿಂಗಳ ಒಣ ರಾತ್ರಿಗಳಲ್ಲಿ ಮೋಡವಿಲ್ಲದ ಆಕಾಶಕ್ಕೆ ನೆಲದ ಕಾವೆಲ್ಲ ಸೋರಿಹೋಗುತ್ತದೆ. ಸುತ್ತಲಿನ ಬೆಟ್ಟಗಳಿಂದ ಇಳಿದ ತಣ್ಣನೆಯ ಗಾಳಿ ತಗ್ಗಿನಲ್ಲಿ ಬಂದು ತಂಗುತ್ತದೆ. ಬೆಳಗಾಗುವಾಗ ಗುಡಿಗಳ ಮುಂದಿನ ಹುಲ್ಲೆಲ್ಲ ಬೆಳ್ಳಗಾಗಿರುತ್ತದೆ. ಪ್ರವಾಸಿಗರು ಅದನ್ನು ನೋಡಿ ಕುಣಿದಾಡುತ್ತಾರೆ. ರೈತರು ಮಾತ್ರ ಹೊಲದತ್ತ ಓಡುತ್ತಾರೆ, ಏಕೆಂದರೆ ಬಿಸಿಲೇರುವಷ್ಟರಲ್ಲಿ ಬಟಾಟೆಯ ಎಲೆಗಳು ಸುಟ್ಟಂತೆ ಕಪ್ಪಾಗುತ್ತವೆ. ವಿಷದ ಇಬ್ಬನಿ ಎಂದೇ ಅವರು ಅದನ್ನು ಕರೆಯುವುದು.

ಇಂಥ ಚಳಿ ಇರುವ ಕಡೆ ಮನೆಯ ಮುಖ್ಯ ಕೋಣೆ ಅಡುಗೆಮನೆಯೇ. ನೆಂಟರು ಬಂದರೂ ಹಜಾರದ ಕುರ್ಚಿಯಲ್ಲಿ ಬಹಳ ಹೊತ್ತು ಕೂರಿಸುವುದಿಲ್ಲ, ಒಳಗೆ ಬೆಂಕಿಯ ಹತ್ತಿರ ಕರೆಯುತ್ತಾರೆ. ಗಂಡಸರು ಪಂಚೆಯಂಥ ಸಾರೋಂಗನ್ನು ಶಾಲಿನ ಹಾಗೆ ಹೆಗಲು ಕುತ್ತಿಗೆಗೆ ಸುತ್ತಿಕೊಂಡು, ತಲೆಗೊಂದು ಉಣ್ಣೆಯ ಟೋಪಿ ಎಳೆದುಕೊಂಡು, ಮಣ್ಣಿನ ಅಗ್ಗಿಷ್ಟಿಕೆಯ ಮೇಲೆ ಕೈ ಚಾಚಿ ಕೂರುತ್ತಾರೆ. ಮಲ್ಲಿಗೆ ಬೆರೆಸಿದ ಬಿಸಿ ಚಹಾ ಬರುತ್ತದೆ. ಅದರ ಜೊತೆಗೆ ತೆಂಪೆ ಕೆಮುಲ್. ಬೇಯಿಸಿದ ಸೋಯಾ ಕಾಳಿಗೆ ಹೆಪ್ಪು ಹಾಕಿ, ಬಾಳೆ ಎಲೆಯಲ್ಲಿ ಸುತ್ತಿ ಒಂದೆರಡು ದಿನ ಇಟ್ಟರೆ ಬಿಳಿಯ ಬೂಷ್ಟು ಹಬ್ಬಿ ಕಾಳುಗಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಅದೇ ತೆಂಪೆ. ಅದನ್ನು ತೆಳ್ಳಗೆ ಕೊಯ್ದು, ಅರಿಸಿನ ಮತ್ತು ಈರುಳ್ಳಿ ಜಾತಿಯ ಹಸಿರು ಸೊಪ್ಪು ಹಾಕಿದ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಹಿಟ್ಟು ಬಾಣಲೆಯಲ್ಲಿ ಸುತ್ತಲೂ ಹರಡಿ ಗರಿಗರಿಯಾದ ಅಂಚು ಕಟ್ಟುತ್ತದೆ. ತೆಂಪೆಯ ತುಂಡಿಗಿಂತ ಆ ಅಂಚೇ ದೊಡ್ಡದು, ಮಕ್ಕಳು ಮೊದಲು ಮುರಿದು ತಿನ್ನುವುದೂ ಅದನ್ನೇ. ಒಲೆಯ ಮೇಲೆ ಅಟ್ಟದಲ್ಲಿ ಮೆಕ್ಕೆಜೋಳದ ತೆನೆಗಳು ಹೊಗೆ ಕುಡಿಯುತ್ತಾ ತೂಗುತ್ತಿರುತ್ತವೆ. ಅಕ್ಕಿಯ ಅನ್ನ ದಿನದೂಟವಾಗುವ ಮೊದಲು ಈ ಸೀಮೆಯವರು ಉಣ್ಣುತ್ತಿದ್ದದ್ದು ಮೆಕ್ಕೆಜೋಳದ ಅನ್ನವನ್ನು. ಹಳಬರಿಗೆ ಈಗಲೂ ಅದೇ ಹೆಚ್ಚು ಹೊತ್ತು ಹೊಟ್ಟೆಗೆ ನಿಲ್ಲುತ್ತದೆ.

ಒಲೆಯ ಬಳಿಯಿಂದ ಎದ್ದು ಹೊರಗೆ ಬಂದರೆ ಕನ್ನಡಿಗರಿಗೆ ಪರಿಚಯದ ಹೆಸರುಗಳೇ ಎದುರಾಗುತ್ತವೆ. ಬಯಲಿನಲ್ಲಿ ಅರ್ಜುನ, ಶ್ರೀಕಂಡಿ, ಪುಂತದೇವ, ಸೆಂಬಾದ್ರ ಎಂಬ ನಾಲ್ಕು ಕಲ್ಲಿನ ಗುಡಿಗಳು ಸಾಲಾಗಿ ನಿಂತಿವೆ. ದೂರದಲ್ಲಿ ಘಟೋತ್ಕಚ, ಗುಡ್ಡದ ಮಗ್ಗುಲಲ್ಲಿ ದ್ವಾರಾವತಿ, ಕುದಿಯುವ ಕುಂಡದ ದಾರಿಯಲ್ಲಿ ಭೀಮ. ಜಾವಾದಲ್ಲಿ ಇಂದಿಗೂ ನಿಂತಿರುವ ಅತ್ಯಂತ ಹಳೆಯ ಗುಡಿಗಳಿವು, 7ನೇ ಮತ್ತು 8ನೇ ಶತಮಾನದಿಂದ ಕಟ್ಟತೊಡಗಿದ್ದು. ಕ್ರಿ.ಶ. 809ರ ಒಂದು ಶಾಸನವೂ ಇಲ್ಲಿ ಸಿಕ್ಕಿದೆ. ಕಟ್ಟಿದವರು ಶಿವನಿಗಾಗಿ ಕಟ್ಟಿದ್ದರು. ಕಾಲ ಸರಿದು, ಪೂಜೆ ನಿಂತು, ತಗ್ಗಿನಲ್ಲಿ ನೀರು ತುಂಬಿ, 1814ರಲ್ಲಿ ಬ್ರಿಟಿಷರ ಕಣ್ಣಿಗೆ ಬಿದ್ದಾಗ ಇವು ಕೆರೆಯೊಳಗೆ ನಿಂತಿದ್ದವು. ಆ ಶತಮಾನದ ನಡುವೆ ಡಚ್ಚರು ನೀರನ್ನು ಬಸಿದರು. ಪಾಂಡವರ ಹೆಸರುಗಳು ಊರವರು ಆಮೇಲೆ ಇಟ್ಟವು, ತಮ್ಮ ತೊಗಲುಗೊಂಬೆಯಾಟದಿಂದ ಎತ್ತಿಕೊಂಡವು.

ಗೊಂಬೆಯಾಟದ ಭಾರತ ಎಂದ ಮೇಲೆ ಅಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಪುಂತದೇವ ನಮ್ಮ ಧರ್ಮರಾಯ, ಸೆಂಬಾದ್ರ ಸುಭದ್ರೆ. ಶ್ರೀಕಂಡಿ ನಮ್ಮ ಶಿಖಂಡಿಯೇ. ಆದರೆ ಜಾವಾದಲ್ಲಿ ಆಕೆ ಬಿಲ್ವಿದ್ಯೆಯಲ್ಲಿ ಪಳಗಿದ ಹೆಣ್ಣು, ಅರ್ಜುನನ ಹೆಂಡತಿ. ಗಟ್ಟಿಗಿತ್ತಿ ಹೆಂಗಸನ್ನು ಹೊಗಳಬೇಕಾದರೆ ಅಲ್ಲಿನವರು ಇಂದಿಗೂ ಅವಳ ಹೆಸರನ್ನೇ ಹೇಳುವುದು. ಅರ್ಜುನನ ಗುಡಿಗೆ ಎದುರಾಗಿ, ತಗ್ಗಾಗಿ, ಶಿಖರವಿಲ್ಲದೆ ಇರುವ ಕಟ್ಟಡ ಸೆಮಾರನದು. ವ್ಯಾಸರಿಗೆ ಈ ಸೆಮಾರ ಗೊತ್ತಿಲ್ಲ. ಅವನು ಪಾಂಡವರ ಆಳು, ಹೊಟ್ಟೆ ಮುಂದೆ ಬಂದ ಮುದುಕ, ಜನರನ್ನು ನಗಿಸುವವನು. ಆದರೆ ನಿಜದಲ್ಲಿ ದೇವರೇ ಆಳಿನ ವೇಷದಲ್ಲಿ ಬಂದಿರುವುದು. ಒಡೆಯ ದಾರಿ ತಪ್ಪಿದಾಗ ಬುದ್ಧಿ ಹೇಳುವ ಹಕ್ಕು ಅವನಿಗುಂಟು. ನಮ್ಮ ಯಕ್ಷಗಾನದ ಹಾಸ್ಯಗಾರ ರಾಜನ ಎದುರು ನಿಂತು ಊರಿನ ಮಾತನ್ನಾಡುವುದನ್ನು ನೋಡಿ ಬೆಳೆದವರಿಗೆ ಸೆಮಾರ ಹೊರಗಿನವನು ಅನ್ನಿಸುವುದೇ ಇಲ್ಲ. ಐದು ಹೊತ್ತು ನಮಾಜು ಮಾಡುವ ಹಳ್ಳಿಗರು ಈ ಕಥೆಗಳನ್ನು ತಮ್ಮ ಮನೆತನದ ಕಥೆ ಎಂಬಂತೆ ಹೇಳಿಕೊಳ್ಳುತ್ತಾರೆ, ಮತ್ತು ಅದರಲ್ಲಿ ಅವರಿಗೆ ಯಾವ ಇಕ್ಕಟ್ಟೂ ಕಾಣಿಸುವುದಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿಸಿದ ಮೊದಲ ಸಂಗತಿ ಇದು.

ಎರಡನೆಯದು ಮಕ್ಕಳ ಕೂದಲು. ಡಿಯೆಂಗ್‌ನ ಕೆಲವು ಮಕ್ಕಳಿಗೆ ಚಿಕ್ಕಂದಿನಲ್ಲಿ ಜೋರು ಜ್ವರ ಬಂದು ಬಿಟ್ಟ ಮೇಲೆ ಕೂದಲು ತಾನಾಗಿ ಜಡೆಗಟ್ಟುತ್ತದೆ. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಬಿಡದು. ಊರಿನ ಮೂಲಪುರುಷ ಕ್ಯಾಯಿ ಕೊಲೊಡೆಟೆಯ ಗುರುತು ಅದು ಎಂದು ನಂಬಿಕೆ. ಆ ಕೂದಲನ್ನು ತಂದೆತಾಯಿ ತಮ್ಮ ಇಷ್ಟದಂತೆ ಕತ್ತರಿಸುವಂತಿಲ್ಲ. ಮಗುವೇ ಒಂದು ದಿನ ತೆಗೆಸಿಕೊಳ್ಳುತ್ತೇನೆ ಎನ್ನಬೇಕು, ಜೊತೆಗೆ ತನಗೇನು ಬೇಕೆಂದೂ ಹೇಳಬೇಕು. ಸೈಕಲ್ಲೋ ಆಡಿನ ಮರಿಯೋ ಒಂದು ಬಗೆಯ ತಿಂಡಿಯೋ, ಕೇಳಿದ್ದನ್ನು ಕೇಳಿದ ಹಾಗೆಯೇ ತಂದುಕೊಡಬೇಕು. ಚೌಕಾಸಿ ಇಲ್ಲ, ಆಮೇಲೆ ನೋಡೋಣ ಎನ್ನುವುದಿಲ್ಲ. ಜಾವಾದವರಿಗೆ ಏಳು ದಿನಗಳ ವಾರದ ಜೊತೆಗೆ ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಎಂಬ ಐದು ದಿನಗಳ ಸಂತೆವಾರವೂ ಉಂಟು. ಎರಡೂ ಕೂಡಿ ಬರುವ ಜನ್ಮದಿನ 35 ದಿನಕ್ಕೊಮ್ಮೆ ಮರಳುತ್ತದೆ. ಹಳೆಯ ಪದ್ಧತಿಯಂತೆ ಆ ಲೆಕ್ಕ ನೋಡಿ ದಿನ ಗೊತ್ತುಮಾಡುತ್ತಾರೆ. ಗೋಪುರದ ಹಾಗೆ ಕಟ್ಟಿದ ಅನ್ನದ ರಾಶಿಯ ಮುಂದೆ ಹಿರಿಯರು ಪ್ರಾರ್ಥನೆ ಹೇಳಿ ಕತ್ತರಿ ಹಾಕುತ್ತಾರೆ, ಕೂದಲನ್ನು ಕೆರೆಗೋ ಹೊಳೆಗೋ ಬಿಡುತ್ತಾರೆ. ಆಮೇಲೆ ಹುಟ್ಟುವ ಕೂದಲು ಎಲ್ಲರ ಕೂದಲಿನಂತೆಯೇ ಇರುತ್ತದೆ ಎನ್ನುತ್ತಾರೆ. 2010ರಿಂದ ನಡೆಯುತ್ತಿರುವ ಡಿಯೆಂಗ್ ಉತ್ಸವದಲ್ಲಿ ಇದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ವೇದಿಕೆಯ ಆಚೆ ನನ್ನ ಮನಸ್ಸು ಹಿಡಿದದ್ದು ಒಂದೇ ವಿಷಯ: ನಾಲ್ಕು ವರ್ಷದ ಮಗುವಿನ ಮಾತಿಗೆ ಇಡೀ ಮನೆ ಕಾಯುತ್ತದೆ, ಕಾದು ನಡೆಸಿಕೊಡುತ್ತದೆ.

ಇನ್ನು ಅಕ್ಕಿಯ ವಿಚಾರ. ಜಾವಾದ ಎಷ್ಟೋ ಹಳ್ಳಿಗಳಲ್ಲಿ ಮನೆಯ ಮುಂಗಡೆ ಗೋಡೆಗೆ ಒಂದು ಪುಟ್ಟ ಡಬ್ಬಿಯೋ ಬಿದಿರ ತುಂಡೋ ನೇತಾಡುತ್ತಿರುತ್ತದೆ. ಮಲಗುವ ಮುನ್ನ ಮನೆಯವರು ಅದರಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿಡುತ್ತಾರೆ, ಈಗೀಗ ಅಕ್ಕಿಯ ಬದಲು ಒಂದು ನಾಣ್ಯ. ಸರದಿಯ ಮೇಲೆ ರಾತ್ರಿ ಗಸ್ತು ತಿರುಗುವ ಗಂಡಸರು ಮನೆಮನೆಗೂ ಬಂದು ಅದನ್ನು ತೆಗೆದುಕೊಂಡು ಹೋಗುತ್ತಾರೆ. ಹೀಗೆ ಕೂಡಿದ್ದು ಕಾಯಿಲೆ ಬಿದ್ದವರಿಗೆ, ಸತ್ತವರ ಮನೆಗೆ, ಬೀದಿಯ ದೀಪಕ್ಕೆ. ಕೊಡುವವರಿಗೆ ಭಾರವಿಲ್ಲ, ಪಡೆಯುವವರಿಗೆ ಮುಜುಗರವಿಲ್ಲ. ಇದರೊಳಗಿನ ಜಾಣ್ಮೆಯನ್ನು ಗಮನಿಸಿ. ಡಬ್ಬಿ ಮುಟ್ಟುವ ನೆಪದಲ್ಲಿ ಗಸ್ತಿನವರು ಪ್ರತಿ ಬಾಗಿಲಿಗೂ ಹೋಗಲೇಬೇಕು. ಒಂಟಿ ಮುದುಕಿಯ ಡಬ್ಬಿ ಖಾಲಿ ಇದ್ದರೆ ಅಜ್ಜಿ ಹೇಗಿದ್ದಾರೆ ಎಂದು ಆ ರಾತ್ರಿಯೇ ಬಾಗಿಲು ತಟ್ಟಿ ಕೇಳಬಹುದು. ಗಸ್ತಿನ ಕಟ್ಟೆಯಲ್ಲಿ ಒಳಗೆ ಕೊರೆದ ಮರದ ಕೊರಡೊಂದು ತೂಗುತ್ತಿರುತ್ತದೆ. ಅದನ್ನು ಒಂದೇ ಸಮನೆ ಜೋರಾಗಿ ಬಡಿದರೆ ಅಪಾಯ ಎಂದು ಅರ್ಥ, ಊರೆಲ್ಲ ಎದ್ದು ಬರುತ್ತದೆ. ಮನೆ ಕಟ್ಟುವವನಿಗೆ ನೆರೆಯವರು ಕೂಲಿಯಿಲ್ಲದೆ ಕೈಹಚ್ಚುತ್ತಾರೆ, ಊಟ ಹಾಕಿದರೆ ಸಾಕು. ಮದುವೆಮನೆಯ ಅಡುಗೆಗೆ ಹೆಂಗಸರು ಕರೆಯದಿದ್ದರೂ ಈಳಿಗೆ ಚಾಕು ಸಮೇತ ಹಾಜರಾಗುತ್ತಾರೆ.

ಅಪಾಯ ಎಂದೆ. ಈ ಊರಿನಲ್ಲಿ ಅದು ಬರೀ ಬಾಯಿಮಾತಲ್ಲ. ಇಡೀ ಪ್ರಸ್ಥಭೂಮಿ ನಿಂತಿರುವುದು ಜ್ವಾಲಾಮುಖಿಗಳ ಮೇಲೆ. 1979ರ ಫೆಬ್ರವರಿ 20ರ ನಸುಕಿನಲ್ಲಿ ಭೂಮಿ ನಡುಗಿ ಸಿನಿಲಾ ಕುಂಡ ಸಿಡಿಯಿತು. ಜನ ಮನೆ ಬಿಟ್ಟು ರಸ್ತೆ ಹಿಡಿದು ಓಡಿದರು. ಬಿರುಕುಗಳಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಓಡುತ್ತಿದ್ದವರು ಓಡುತ್ತಿದ್ದ ದಾರಿಯಲ್ಲೇ ಕುಸಿದರು. 140ಕ್ಕೂ ಹೆಚ್ಚು ಜನ ತೀರಿಕೊಂಡರು. ಇವತ್ತಿಗೂ ಗಾಳಿಯಾಡದ ತಣ್ಣನೆಯ ಮುಂಜಾವಿನಲ್ಲಿ ಕೆಲವು ತಗ್ಗುಗಳಿಗೆ ಇಳಿಯುವುದು ಅಪಾಯವೇ. ಎಚ್ಚರಿಕೆಯ ಹಲಗೆಗಳಿವೆ, ನಿಗಾ ಕೇಂದ್ರವಿದೆ. ಅಷ್ಟಾದರೂ ಜನ ಇಲ್ಲೇ ಇದ್ದಾರೆ. ಕಾರಣ ಕಾಲ ಕೆಳಗೇ ಇದೆ: ಆ ಬೆಂಕಿಯ ಬೂದಿಯಿಂದಲೇ ಆದ ಕಪ್ಪು ಮಣ್ಣು.

ಆ ಮಣ್ಣಿನಲ್ಲಿ 1980ರ ದಶಕದಿಂದ ಬಟಾಟೆಯ ಕಾಲ ಶುರುವಾಯಿತು. ಮೂರೂವರೆ ತಿಂಗಳಿಗೆ ಕೈಗೆ ಬರುವ ಬೆಳೆ, ಕೈತುಂಬ ದುಡ್ಡು. ಹುಲ್ಲಿನ ಮನೆಗಳಿದ್ದಲ್ಲಿ ಹೆಂಚಿನ ಮನೆಗಳೆದ್ದವು, ಮಕ್ಕಳು ಕಾಲೇಜು ಕಂಡರು. ಅದನ್ನು ಯಾರೂ ಹಳಿಯಬಾರದು. ಆದರೆ ಬಟಾಟೆಗೆ ಬುಡದಲ್ಲಿ ನೀರು ನಿಂತರೆ ಆಗದು. ಅಂಗಮಾರಿ ರೋಗ ಬಂದರೆ ಒಂದು ವಾರದಲ್ಲಿ ಹೊಲವೇ ಹೋಗುತ್ತದೆ ಎನ್ನುವುದನ್ನು ಹಾಸನದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಡಿಯೆಂಗ್‌ನವರು ನೀರು ಸರ್ರನೆ ಇಳಿದುಹೋಗಲೆಂದು ಸಾಲುಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಕದೆ ಮೇಲಿಂದ ಕೆಳಕ್ಕೆ ಎಳೆದರು. ಮರ ಕಡಿದ ಗುಡ್ಡದ ನೆತ್ತಿಯವರೆಗೂ, ದ್ವಾರಾವತಿ ಗುಡಿಯ ಬೇಲಿಯವರೆಗೂ ಸಾಲುಗಳು ಹತ್ತಿದವು. ಮಳೆ ಬಂದಾಗ ನೀರಿನ ಜೊತೆ ಮಣ್ಣೂ ಸರ್ರನೆ ಇಳಿಯಿತು. ಕೆಳನಾಡಿನಿಂದ ಲಾರಿಗಟ್ಟಲೆ ಕೋಳಿಗೊಬ್ಬರ ತರಿಸಿ ಸುರಿಯಬೇಕಾಯಿತು.

ಸೆರಾಯು ನದಿ ಹುಟ್ಟುವುದು ಈ ಬೆಟ್ಟದಲ್ಲೇ, ಭೀಮನ ಹೆಸರು ಹೊತ್ತ ಒಂದು ಒರತೆಯಲ್ಲಿ. ಆ ನದಿಯನ್ನು ತೋಡಿದ್ದೇ ಭೀಮಸೇನ ಎಂದು ಅಲ್ಲಿನವರ ಕಥೆ. ಈಗ ಆ ನೀರು ಹೊಲದ ಮಣ್ಣನ್ನು ಹೊತ್ತು ಕೆಳಗೆ ಬಾಂಜಾರ್‌ನೆಗಾರದ ಮ್ರಿಚಾ ಜಲಾಶಯಕ್ಕೆ ಸುರಿಯುತ್ತದೆ. 1980ರ ದಶಕದಲ್ಲಿ ಕಟ್ಟಿದ ಜಲಾಶಯ ಹೂಳಿನಿಂದ ತುಂಬುತ್ತಾ ಬಂದಿದೆ.

ನನ್ನ ಮಾತು ಬಂದು ಮುಟ್ಟಬೇಕಾದದ್ದು ಇಲ್ಲಿಗೆ. ಕಳ್ಳನಿಗೆ, ಕಾಯಿಲೆಗೆ, ಮದುವೆಗೆ, ಸಾವಿಗೆ ಎಲ್ಲದಕ್ಕೂ ಒಟ್ಟಾಗುವ ಕ್ರಮವೊಂದನ್ನು ಈ ಜನ ಕಟ್ಟಿಕೊಂಡಿದ್ದಾರೆ. ಅವರ ನೆಮ್ಮದಿ ಹುಟ್ಟಿದ್ದು ಅಲ್ಲಿಂದಲೇ. ಮಣ್ಣಿನ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬನೂ ತನ್ನ ಹೊಲ, ತನ್ನ ಸಾಲ, ತನ್ನ ಬೆಲೆ ಎಂದು ಒಂಟಿಯಾಗಿ ನಿಂತಿದ್ದಾನೆ. ಮಾರುಕಟ್ಟೆ ಅವನನ್ನು ಹಾಗೆ ನಿಲ್ಲಿಸಿದೆ. ಆದರೆ ದಾರಿಯಿಲ್ಲವೆಂದಲ್ಲ. ಹೊಲದ ಬದುಗಳಲ್ಲಿ ಕಾರಿಕಾ ಎಂಬ ಪುಟ್ಟ ಪಪ್ಪಾಯಿಯ ಗಿಡ ಬೆಳೆಯುತ್ತಾರೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಮೂಲದ್ದು, ಇಲ್ಲಿಯ ಚಳಿಗೆ ಒಗ್ಗಿಕೊಂಡಿದೆ. ಹಸಿಯಾಗಿ ತಿನ್ನುವುದು ಕಡಿಮೆ, ಸಕ್ಕರೆ ಪಾಕದಲ್ಲಿ ಬೇಯಿಸಿ ಬಾಟಲಿಗೆ ತುಂಬುತ್ತಾರೆ. ಹಳದಿ ಹೋಳುಗಳಿಗೆ ಒಳ್ಳೆಯ ಘಮ. ವರ್ಷವಿಡೀ ಬುಡ ಊರಿ ನಿಲ್ಲುವ ಗಿಡ, ಬಟಾಟೆಯ ಹಾಗೆ ಪ್ರತಿ ಸಲವೂ ನೆಲ ಅಗೆಯಬೇಕಾಗಿಲ್ಲ, ಬದುವಿನ ಮಣ್ಣನ್ನೂ ಹಿಡಿಯುತ್ತದೆ. ಹಣ್ಣನ್ನು ಪಾಕಕ್ಕಿಳಿಸುವ ಕೆಲಸದಲ್ಲಿ ಊರಿನ ಹೆಂಗಸರಿಗೂ ಸಂಪಾದನೆಯಿದೆ. ಗುಡ್ಡದ ಕಡಿದಾದ ಭಾಗಗಳನ್ನು ಇಂಥ ಗಿಡಗಳಿಗೆ ಬಿಟ್ಟುಕೊಟ್ಟು, ಬಟಾಟೆಯನ್ನು ಸಮತಟ್ಟಿಗೆ ಉಳಿಸಿಕೊಂಡರೆ ಬೆಟ್ಟ ಬದುಕುತ್ತದೆ, ಬಟಾಟೆಯೂ ಬದುಕುತ್ತದೆ.

ಜಾವಾಕ್ಕೆ ಹೋಗುವ ನಮ್ಮವರು ಬೊರೊಬುದೂರ್, ಪ್ರಂಬನಾನ್ ನೋಡಿ ವಿಮಾನ ಹತ್ತಿಬಿಡುತ್ತಾರೆ. ಒಂದು ರಾತ್ರಿ ಉಳಿಸಿಕೊಂಡು ಡಿಯೆಂಗ್‌ಗೆ ಹೋಗಿ. ಹೋಟೆಲ್ಲು ಬಿಟ್ಟು ಯಾರದಾದರೂ ಮನೆಯಲ್ಲಿ ತಂಗಿ, ಒಲೆಯ ಹತ್ತಿರ ಕುಳಿತು ತೆಂಪೆ ತಿನ್ನಿ. ಬರುವಾಗ ಕಾರಿಕಾದ ಬಾಟಲಿಗಳನ್ನು ಅಂಗಡಿಯಲ್ಲಿ ಕೊಳ್ಳುವ ಬದಲು ಅದನ್ನು ಮಾಡಿದವರ ಕೈಯಿಂದಲೇ ಕೊಂಡುಕೊಳ್ಳಿ. ಆ ಗಿಡಕ್ಕೆ ಬೆಲೆ ಬಂದಷ್ಟೂ ಆ ಗುಡ್ಡದಲ್ಲಿ ಮಣ್ಣು ಉಳಿಯುತ್ತದೆ.