ಗೃಹಸ್ಥರ ಗಣಕಯಂತ್ರಕ್ಕೆ ಲಿನಕ್ಸ್ ತಕ್ಕುದೆ?

2025ನೆಯ ಇಸವಿಯ ಅಕ್ಟೋಬರ್ 14ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಕಂಪನಿಯವರು ವಿಂಡೋಸ್ 10 ಎಂಬ ತಮ್ಮ ತಂತ್ರಾಂಶಕ್ಕೆ ಸಾಧಾರಣ ರಕ್ಷಣೆಯನ್ನು ನಿಲ್ಲಿಸಿದರು. ಬೇಕೆಂದು ಹೆಸರು ನೊಂದಾಯಿಸಿಕೊಂಡವರಿಗೆ 2026ರ ಅಕ್ಟೋಬರಿನವರೆಗೆ ಒಂದು ವರ್ಷದ ಗಡುವನ್ನು ಕೊಟ್ಟರೆಂಬುದು ನಿಜ. ಆದರೆ ಗಡುವು ಗಡುವೇ ಹೊರತು ಪರಿಹಾರವಲ್ಲ. ರಕ್ಷಣೆ ನಿಂತಿತೆಂದ ಮಾತ್ರಕ್ಕೆ ಯಂತ್ರವು ಮರುದಿನ ನಿಂತುಹೋಗುವುದಿಲ್ಲ. ಹಿಂದಿನಂತೆಯೇ ದೀಪ ಹತ್ತುತ್ತದೆ, ಅಕ್ಷರ ಮೂಡುತ್ತದೆ. ಮನೆಯ ಗೋಡೆಯಲ್ಲಿ ಹೊಸದಾಗಿ ಬಿಲ ಬಿದ್ದರೆ ಮುಚ್ಚುವ ಗಾರೆಯವನು ಇನ್ನು ಬರುವುದಿಲ್ಲವೆಂಬುದಷ್ಟೇ ವ್ಯತ್ಯಾಸ. ಮುಂದಿನದಾದ ವಿಂಡೋಸ್ 11ನ್ನು ಹಾಕಿಕೊಳ್ಳೋಣವೆಂದರೆ, ಅದು ಟಿ.ಪಿ.ಎಂ. 2.0 ಎಂಬ ರಕ್ಷಣಾ ಸಾಧನವನ್ನೂ ಇತ್ತೀಚಿನ ಪೀಳಿಗೆಯ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಹೀಗಾಗಿ ಇನ್ನೂ ಚೆನ್ನಾಗಿ ದುಡಿಯುತ್ತಿರುವ ಎಷ್ಟೋ ಯಂತ್ರಗಳು ಅಕಾಲದಲ್ಲಿ ವೃದ್ಧಾಪ್ಯವನ್ನು ಹೊಂದಿದುವು.

ಇಂತಹ ಯಂತ್ರವೊಂದು ಬಿಳಿಚೋಡಿನ ನಮ್ಮ ತಮ್ಮನ ಮನೆಯಲ್ಲಿಯೂ ಇರುವುದು. ಆತನದು ಜೆರಾಕ್ಸ್ ಅಂಗಡಿ. ಅರ್ಜಿ ಬರೆಯಿಸುವವರು, ಪಹಣಿ ತೆಗೆಸುವವರು, ಜಾತಿ ಆದಾಯಗಳ ಸರ್ಟಿಫಿಕೇಟಿಗೆ ಕಾಗದ ಹೊಂದಿಸುವವರು ಎಲ್ಲರೂ ಅಲ್ಲಿಗೆ ಬರುತ್ತಾರೆ. ಯಂತ್ರವು 2016ರಲ್ಲಿ ಕೊಂಡದ್ದು. ಇಂಟೆಲ್ಲಿನ ಆರನೆಯ ಪೀಳಿಗೆಯದು. ವಿಂಡೋಸ್ 11ಕ್ಕೆ ಅರ್ಹತೆಯಿಲ್ಲದ್ದು. ಹಗಲೆಲ್ಲಾ ತಂದೆಯ ಕೈಯಲ್ಲಿ ದುಡಿದು, ರಾತ್ರಿ ಅದು ಕಾಲೇಜಿಗೆ ಹೋಗುವ ಮಗನ ಆಟದ ಅಂಗಳವಾಗುತ್ತದೆ. "ಅಣ್ಣಾ, ಹೊಸದಕ್ಕೆ ನಲವತ್ತು ಸಾವಿರ ಹೇಳ್ತಾರೆ. ಮೆಕ್ಕೆಜೋಳದ ರೊಕ್ಕ ಈ ಸಲ ಸಾಲಕ್ಕೇ ಸಾಲದು. ಲಿನಕ್ಸ್ ಅಂತ ಪುಕ್ಕಟೆ ಸಿಗತೈತಂತಲ್ಲ, ಅದು ನಡೀತೈತಾ ನೋಡಿ ಹೇಳು" ಎಂದು ಆತನು ನಮ್ಮನ್ನು ಕೇಳಿದನು. ನಿವೃತ್ತರಾದ ಮೇಷ್ಟರಿಗೆ ಹೊತ್ತು ಯಥೇಷ್ಟವಾಗಿರುತ್ತದೆಂಬುದು ಬಂಧುವರ್ಗದ ದೃಢವಾದ ನಂಬಿಕೆ. ಪ್ರಶ್ನೆಯು ಒಂದು ಮನೆಯದಲ್ಲವಾದ್ದರಿಂದ, ನಾವು ಕಂಡುಕೊಂಡ ಸಂಗತಿಗಳನ್ನು ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಮೊದಲಿಗೆ ಲಿನಕ್ಸ್ ಎಂದರೇನೆಂಬುದನ್ನು ಹೇಳಬೇಕು. ಯಂತ್ರದ ಅಂಗಾಂಗಗಳನ್ನು ಆಳುತ್ತ, ಇತರ ತಂತ್ರಾಂಶಗಳಿಗೆ ಎಡೆಗೊಡುವ ಮೂಲ ತಂತ್ರಾಂಶವನ್ನು ಆಪರೇಟಿಂಗ್ ಸಿಸ್ಟಂ ಎನ್ನುವರು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು, ಎಲ್ಲರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ಅಂತಹದೊಂದು ವ್ಯವಸ್ಥೆಯನ್ನು ಕಟ್ಟುವೆವೆಂದು ಸಾರಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದರ ತಿರುಳಿಗೆ ಒದಗತಕ್ಕ ಭಾಗವನ್ನು ಬರೆದು ಲೋಕದ ಮುಂದಿಟ್ಟನು. ಇವೆರಡರ ಸಂಯೋಗದಿಂದ ಹುಟ್ಟಿದ ವಂಶ ಬಹು ದೊಡ್ಡದು: 1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು, 2006ರಲ್ಲಿ ಮಿಂಟ್. ನಮ್ಮ ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯವರೂ ಬಾಸ್ ಎಂಬ ಹೆಸರಿನದೊಂದನ್ನು ಹೊರತಂದರು. ಇದೆಲ್ಲಾ ದೂರದ ಮಾತೆಂದು ವಾಚಕರು ಎಣಿಸಬಾರದು. ಅವರ ಸೊಂಟದಲ್ಲಿಯೋ ಕೈಚೀಲದಲ್ಲಿಯೋ ಇರುವ ಆಂಡ್ರಾಯ್ಡ್ ಫೋನಿನ ಒಳತಿರುಳು ಲಿನಕ್ಸೇ ಆಗಿದೆ.

ಸಂಸ್ಕೃತ ವ್ಯಾಕರಣವನ್ನು ಓದಿದ ನಮಗೆ ಈ 'ತೆರೆದ ಮೂಲ'ದ ಪದ್ಧತಿ ಹೊಸದೆನಿಸಲಿಲ್ಲ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳು ಬೀಗದೊಳಗಿನ ಭಂಡಾರವಾಗಿರಲಿಲ್ಲ. ಅವು ಎಲ್ಲ ವೈಯಾಕರಣರ ಕಣ್ಣಮುಂದಿದ್ದುದರಿಂದಲೇ ಕಾತ್ಯಾಯನನು ಎಲ್ಲಿ ಹೇಳಿದುದು ಸಾಲದು, ಎಲ್ಲಿ ಹೆಚ್ಚಾಯಿತು ಎಂದು ವಾರ್ತಿಕಗಳನ್ನು ಬರೆದನು. ಪತಂಜಲಿಯು ಸೂತ್ರವಾರ್ತಿಕಗಳೆರಡನ್ನೂ ತೂಗಿ ಮಹಾಭಾಷ್ಯವನ್ನು ರಚಿಸಿದನು. ಸೂತ್ರಗಳನ್ನು ಮುಚ್ಚಿಟ್ಟು, ಸಿದ್ಧರೂಪಗಳನ್ನು ಮಾತ್ರ ಕ್ರಯಕ್ಕೆ ಕೊಡುವ ಏರ್ಪಾಡು ಇದ್ದಿದ್ದರೆ ಈ ಪರಂಪರೆ ಬೆಳೆಯುತ್ತಿತ್ತೆ? ಆದರೆ ಮನೆಯಾಕೆ ಅಡಿಗೆಯ ಲೆಕ್ಕ ಬರೆಯುವುದಕ್ಕೆ ಅಷ್ಟಾಧ್ಯಾಯಿಯ ಅಗತ್ಯವಿಲ್ಲವಷ್ಟೆ. ಮೂಲವು ತೆರೆದಿದೆಯೆಂಬುದು ದೊಡ್ಡ ಗುಣ. ಅಷ್ಟರಿಂದಲೇ ಅದು ನಮ್ಮ ಮೇಜಿಗೆ ಒಗ್ಗುತ್ತದೆಂದು ಹೇಳಲಾಗದು. ಲಿನಕ್ಸಿನ ಕಡೆಯ ಉತ್ಸಾಹಿಗಳು ಈ ಎರಡು ಮಾತುಗಳನ್ನು ಬಹಳವಾಗಿ ಬೆರೆಸಿಬಿಡುತ್ತಾರೆ.

ಒಗ್ಗುತ್ತದೆಯೇ ಎಂಬುದಕ್ಕೆ ಕನ್ನಡಿಗರಲ್ಲಿಯೇ ನಿದರ್ಶನವುಂಟು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿಹೋಯಿತು. ಆ ನೋವಿನ ಚರ್ಚೆಗೆ ಇದು ಸ್ಥಳವಲ್ಲ. ಆದರೆ ಅಲ್ಲಿಯ ಕನ್ನಡ ಶಾಲೆಯ ಮಕ್ಕಳಿಗೆ ಇದರಿಂದ ಒಂದು ಪ್ರಯೋಜನವಾಯಿತು. ಕೇರಳ ಸರ್ಕಾರದವರು ಈ ಶತಮಾನದ ಮೊದಲಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಕೈಕೊಂಡು, ಕೆಲವು ವರ್ಷಗಳೊಳಗೆ ಪ್ರೌಢಶಾಲೆಗಳ ಯಂತ್ರಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿದರು. ಆ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅವರು ಉಬುಂಟುವನ್ನು ಆಧರಿಸಿ ತಮ್ಮದೇ ಆದ ಲಿನಕ್ಸನ್ನು ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತಾರೆ. ಪಠ್ಯಪುಸ್ತಕವು ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಚಿತ್ರ ತಿದ್ದುವುದಕ್ಕೆ ಜಿಂಪ್, ರೇಖೆ ಬರೆಯುವುದಕ್ಕೆ ಇಂಕ್‌ಸ್ಕೇಪ್, ಬರೆಹಕ್ಕೆ ಲಿಬ್ರೆ ಆಫೀಸ್, ಕ್ಷೇತ್ರಗಣಿತಕ್ಕೆ ಜಿಯೋಜೀಬ್ರಾ: ಇವುಗಳಲ್ಲಿಯೇ ಅಲ್ಲಿಯ ಮಕ್ಕಳು ಕೈಪಳಗಿಸಿಕೊಳ್ಳುತ್ತಾರೆ. ಮಂಜೇಶ್ವರದ ಕಡೆಯ ಉಪಾಧ್ಯಾಯ ಮಿತ್ರರೊಬ್ಬರನ್ನು, "ಮಕ್ಕಳಿಗೆ ಕಷ್ಟವಾಗುವುದಿಲ್ಲವೆ?" ಎಂದು ನಾವು ಕೇಳಿದಾಗ, "ಕಷ್ಟವೆಲ್ಲಾ ವಿಂಡೋಸ್ ಕಲಿತು ಬಂದ ಮೇಷ್ಟರುಗಳಿಗೆ, ಮಕ್ಕಳಿಗೆ ಇದೇ ಕಂಪ್ಯೂಟರು" ಎಂದರು. ರೂಢಿಯನ್ನು ಬಿಡುವ ತೊಂದರೆಯನ್ನು ನಾವು ಎಷ್ಟೋ ವೇಳೆ ವಸ್ತುವಿನ ದೋಷವೆಂದು ಕರೆಯುತ್ತೇವೆ.

ಆದರೆ ಒಂದು ಸಂಗತಿಯನ್ನು ಮರೆಯತಕ್ಕದ್ದಲ್ಲ. ಅಲ್ಲಿ ಯಂತ್ರ ಕೆಟ್ಟರೆ ವಿಚಾರಿಸುವುದಕ್ಕೆ ಸಂಸ್ಥೆಯೊಂದಿದೆ. ಬಿಳಿಚೋಡಿನಲ್ಲಿ ಕೆಟ್ಟರೆ ಜಗಳೂರಿಗೋ ದಾವಣಗೆರೆಗೋ ಹೊತ್ತುಕೊಂಡು ಹೋಗಬೇಕು. ರಿಪೇರಿಯವರಲ್ಲಿ ಬಹುಜನರು ಲಿನಕ್ಸ್ ಎಂದೊಡನೆ, "ಇದನ್ನು ತೆಗೆದು ವಿಂಡೋಸ್ ಹಾಕಿಕೊಡ್ತೀನಿ ಸಾರ್" ಎನ್ನುತ್ತಾರೆ. ಅವರು ಹಾಕಿಕೊಡುವ ವಿಂಡೋಸ್ ಕ್ರಯ ತೆತ್ತು ಪಡೆದುದೇ ಎಂದು ಕೇಳುವವರು ವಿರಳ. 'ಪುಕ್ಕಟೆ' ಎಂಬ ಹೆಗ್ಗಳಿಕೆಯಿಂದ ಲಿನಕ್ಸಿಗೆ ನಮ್ಮ ಸೀಮೆಯಲ್ಲಿ ಹೆಚ್ಚು ಮನ್ನಣೆ ದೊರೆಯದಿರುವುದಕ್ಕೆ ಕಾರಣ ಇದೇ: ಇನ್ನೊಂದೂ ಇಲ್ಲಿ ಪುಕ್ಕಟೆಯಾಗಿಯೇ ಓಡಾಡುತ್ತದೆ, ಕಳ್ಳದಾರಿಯಲ್ಲಿ.

ತಮ್ಮನ ಹಳೆಯ ಡಿಸ್ಕನ್ನು ಹಾಗೆಯೇ ಇರಿಸಿ, ಹೊಸ ಡಿಸ್ಕೊಂದನ್ನು ತರಿಸಿ ಅದರಲ್ಲಿ ನಾವೂ ಹುಡುಗನೂ ಕೂಡಿ ಮಿಂಟನ್ನು ಸ್ಥಾಪಿಸಿದೆವು. ಮುಕ್ಕಾಲು ಗಂಟೆಯ ಕೆಲಸ. ಬ್ರೌಸರು, ಬರೆಹ, ಸ್ಕ್ಯಾನರು ತಕರಾರಿಲ್ಲದೆ ನಡೆದುವು. ಸರ್ಕಾರಿ ಅರ್ಜಿಗಳು ಬಹುತೇಕ ಬ್ರೌಸರಿನಲ್ಲಿಯೇ ತುಂಬತಕ್ಕವಾದ್ದರಿಂದ ಅಂಗಡಿಯ ಮುಖ್ಯ ಭಾರವು ಅಲ್ಲಿಗೆ ಇಳಿಯಿತು. ಕೀಲಿಮಣೆಯ ವಿಷಯದಲ್ಲಿ ನಮಗೆ ಆಶ್ಚರ್ಯವೇ ಆಯಿತು. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದು, ನುಡಿ ತಂತ್ರಾಂಶದ ಮೂಲಕ ನಾಡಿಗೆಲ್ಲಾ ಪರಿಚಿತವಾದ ಕನ್ನಡ ಗಣಕ ಪರಿಷತ್ತಿನ ಕೀಲಿಕ್ರಮವು 'ಕಗಪ' ಎಂಬ ಹೆಸರಿನಿಂದ ಲಿನಕ್ಸಿನಲ್ಲಿ ಮೊದಲೇ ಕುಳಿತಿರುತ್ತದೆ. ತಮ್ಮನ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನೂ ಉಳಿಯಲಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕ್ರಮದಲ್ಲಿ ಕನ್ನಡದ ಕಕಾರವೂ ನಾಗರಿಯ ಕಕಾರವೂ ಒಂದೇ ಕೀಲಿಯಲ್ಲಿರುವುದರಿಂದ, ಸಂಸ್ಕೃತ ಬರೆಯುವ ನಮ್ಮಂಥವರಿಗೆ ಅದು ಬಹಳ ಅನುಕೂಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರವಿನ್ಯಾಸಗಳೂ ಉಚಿತವಾಗಿ ದೊರೆಯುತ್ತವೆ. ಪರದೆಯ ಮೇಲಣ ಮಾತುಗಳನ್ನೆಲ್ಲಾ ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು. ಸಂಬಳವಿಲ್ಲದೆ ದುಡಿದ ಕನ್ನಡಿಗರ ಅನುವಾದವದು. ಕೆಲವೆಡೆ ಅರ್ಧ ಇಂಗ್ಲಿಷ್ ಉಳಿದಿದೆ, ಕೆಲವೆಡೆ ಸಂಸ್ಕೃತವನ್ನು ಬಲ್ಲ ನಾವೇ ಎರಡು ಸಲ ಓದಬೇಕಾಯಿತು. ಆದರೆ ಫೈಲು ಎಂಬುದಕ್ಕೆ 'ಕಡತ' ಎಂದಿರುವುದನ್ನು ಕಂಡು ಸಂತೋಷವಾಯಿತು. ಬಟ್ಟೆಗೆ ಸರಿ ಬಳಿದು ಕಪ್ಪು ಹಚ್ಚಿ ಮಡಿಸಿದ ಹಳೆಯ ಲೆಕ್ಕದ ಕಡತವು ಗಾಜಿನ ಪರದೆಯ ಮೇಲೆ ಪುನರ್ಜನ್ಮವನ್ನು ಪಡೆದಿದೆ!

ತೊಡಕು ಬಂದುದು ಎರಡೆಡೆ. ಅಂಗಡಿಯಲ್ಲಿ ಹತ್ತು ವರ್ಷದ ಅರ್ಜಿಗಳ ನಮೂನೆಗಳು ಹಳೆಯ ನುಡಿಯಲ್ಲಿದ್ದುವು. ಆ ಬರೆಹದಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಅಂಕಿತದಲ್ಲಿ ಅಡಗಿರುತ್ತವೆ. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಭೂತಲಿಪಿ. ಇದು ಲಿನಕ್ಸಿನ ದೋಷವಲ್ಲ, ಯಾವ ಹೊಸ ಯಂತ್ರದಲ್ಲಿಯೂ ಹೀಗೆಯೇ. ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿಂದ ಒಂದೊಂದನ್ನೇ ತಿರುಗಿಸಿ, ಅರ್ಕಾವೊತ್ತುಗಳನ್ನು ನಾವೇ ಕುಳಿತು ತಿದ್ದಿದೆವು. ಎರಡನೆಯದು ಲೇಸರ್ ಮುದ್ರಣಯಂತ್ರ. ಅದನ್ನು ತಯಾರಿಸಿದವರು ಲಿನಕ್ಸಿನ ಕಡೆ ಉದಾಸೀನರು; ಮೂರು ಸಂಜೆಗಳನ್ನು ನುಂಗಿದ ಮೇಲೆ ಅದು ಒಲಿಯಿತು, ಈಗಲೂ ಒಮ್ಮೊಮ್ಮೆ ಮುನಿಯುತ್ತದೆ. ಲಿನಕ್ಸ್ ಹಾಕುವ ಮುನ್ನ ತಮ್ಮ ಮುದ್ರಣಯಂತ್ರದ ಹೆಸರನ್ನು ಹಿಡಿದು ವಿಚಾರಿಸಿಕೊಳ್ಳುವುದು ವಿವೇಕ. ಟ್ಯಾಲಿಯಲ್ಲಿ ಲೆಕ್ಕವಿಡುವ ವರ್ತಕರೂ, ಕೋರೆಲ್ ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವವರೂ ವಿಂಡೋಸನ್ನು ಬಿಡತಕ್ಕದ್ದಲ್ಲವೆಂದೇ ನಮ್ಮ ಅಭಿಪ್ರಾಯ. ಆ ತಂತ್ರಾಂಶಗಳು ಲಿನಕ್ಸಿಗಾಗಿ ತಯಾರಾಗುವುದಿಲ್ಲ. ಅನ್ನದ ವಿಷಯದಲ್ಲಿ ಪ್ರಯೋಗ ಮಾಡಬಾರದು.

ಇನ್ನು ಆಟದ ವಿಚಾರ. ಇದನ್ನು ಹಗುರವಾಗಿ ನೋಡುವ ಹಿರಿಯರುಂಟು. ಮನೆಯ ಕಲಹವು ಹುಟ್ಟುವುದು ಇಲ್ಲಿಯೇ ಆದ್ದರಿಂದ ನಾವು ಹಾಗೆ ನೋಡಲಿಲ್ಲ. ಆಟಗಳಲ್ಲಿ ಬಹುಪಾಲು ವಿಂಡೋಸಿನ ಭಾಷೆಯನ್ನೇ ಆಡುತ್ತವೆ. 1993ರಲ್ಲಿ ಆರಂಭವಾದ ವೈನ್ ಎಂಬ ತಂತ್ರಾಂಶವು ಆ ಭಾಷೆಯನ್ನು ಲಿನಕ್ಸಿಗೆ ತಿಳಿಸುವ ದುಭಾಷಿ. ಸ್ಟೀಮ್ ಎಂಬ ಆಟದ ಮಳಿಗೆಯನ್ನು ನಡೆಸುವ ವಾಲ್ವ್ ಕಂಪನಿಯವರು ಆ ದುಭಾಷಿಯನ್ನು ಇನ್ನೂ ಪಳಗಿಸಿ, 2018ರಲ್ಲಿ ಪ್ರೋಟಾನ್ ಎಂಬ ಹೆಸರಿನಿಂದ ಹೊರತಂದರು. 2022ರಲ್ಲಿ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರವನ್ನು ಲಿನಕ್ಸಿನ ಮೇಲೆಯೇ ಕಟ್ಟಿ ಮಾರಿದರು. ತತ್ಪರಿಣಾಮವಾಗಿ, ಒಬ್ಬರೇ ಆಡುವ ಆಟಗಳಲ್ಲಿ ಬಹುತೇಕವು ಲಿನಕ್ಸಿನಲ್ಲಿ ಸಲೀಸಾಗಿ ನಡೆಯುತ್ತವೆ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಮುಂತಾದುವಕ್ಕೆ ದುಭಾಷಿಯೂ ಬೇಡ. ಆದರೂ 2025ರ ಅಕ್ಟೋಬರಿನ ಸ್ಟೀಮ್ ಗಣನೆಯಲ್ಲಿ ಲಿನಕ್ಸಿನವರು ನೂರಕ್ಕೆ ಮೂವರನ್ನು ದಾಟಿದುದೇ ಒಂದು ವಾರ್ತೆಯಾಯಿತು.

ಕಷ್ಟವಿರುವುದು ಹಲವರು ಕೂಡಿ ಪಂತ ಕಟ್ಟಿ ಆಡುವ ಆಟಗಳಲ್ಲಿ. ಮೋಸವನ್ನು ತಡೆಯುವುದಕ್ಕಾಗಿ ಅವುಗಳೊಡನೆ ಕಾವಲು ತಂತ್ರಾಂಶವೊಂದು ಬರುತ್ತದೆ. ಕೆಲವು ಕಾವಲುಗಾರರು ವಿಂಡೋಸಿನ ಗರ್ಭಗೃಹದಲ್ಲಿಯೇ ಮಲಗುತ್ತೇವೆಂದು ಹಠ ಹಿಡಿಯುತ್ತಾರೆ. ಲಿನಕ್ಸಿನಲ್ಲಿ ಅವರಿಗೆ ಆ ಸ್ಥಾನವಿಲ್ಲ. ವ್ಯಾಲರೆಂಟ್, ಫೋರ್ಟ್‌ನೈಟ್‌ಗಳು ಲಿನಕ್ಸಿನಲ್ಲಿ ಆಡಲು ಬಾರವು. ಅಪೆಕ್ಸ್ ಲೆಜೆಂಡ್ಸ್ ಮೊದಲು ನಡೆಯುತ್ತಿದ್ದು 2024ರಲ್ಲಿ ಬಾಗಿಲು ಹಾಕಿಕೊಂಡಿತು. ಬೇರೆಯವರ ಮನೆಯ ಕಾವಲುಗಾರನು ನಮ್ಮ ದೇವರ ಕೋಣೆಯಲ್ಲಿ ಮಲಗುವುದು ನಮಗೆ ಸರಿಬೀಳುವುದಿಲ್ಲ. ಆದರೆ ನಮ್ಮ ಇಷ್ಟಾನಿಷ್ಟಗಳನ್ನು ಹುಡುಗನ ಮೇಲೆ ಹೇರುವುದೆಂತು?

ಆತನು ಆಡುತ್ತಿದ್ದುದು ವ್ಯಾಲರೆಂಟ್. ಕೌಂಟರ್ ಸ್ಟ್ರೈಕನ್ನು ಲಿನಕ್ಸಿನಲ್ಲಿ ನಡೆಯಿಸಿ ತೋರಿಸಿದೆವು. ಎರಡು ದಿನ ಆಡಿ ಸುಮ್ಮನಾದನು. ವಿಚಾರಿಸಿದಾಗ, "ದೊಡ್ಡಪ್ಪಾ, ಆಟ ಚೆನ್ನಾಗೈತಿ. ಆದ್ರೆ ನಮ್ಮವ್ರೆಲ್ಲಾ ಅಲ್ಲೇ ಅದಾರೆ" ಎಂದನು. ಹೈಸ್ಕೂಲಿನ ಗೆಳೆಯರು ನಾಲ್ವರು ದಾವಣಗೆರೆ, ತುಮಕೂರು, ಹುಬ್ಬಳ್ಳಿಗಳಿಗೆ ಚದುರಿಹೋಗಿದ್ದು, ರಾತ್ರಿ ಒಂಬತ್ತಕ್ಕೆ ಅವರು ಕೂಡುವ ಕಟ್ಟೆ ಆ ಆಟ. ನಾವು ಈಶ್ವರನ ಗುಡಿಯ ಕಟ್ಟೆಯ ಮೇಲೆ ಕೂತು ಮಾತಾಡಿದ ವಯಸ್ಸು ಆತನದು. ಕಟ್ಟೆಯನ್ನು ಬದಲಿಸು ಎಂದು ಹೇಳುವುದು ಸುಲಭ. ಐವರನ್ನೂ ಹೊಸ ಕಟ್ಟೆಗೆ ಕರೆತರುವುದು ಆತನೊಬ್ಬನ ಕೈಯಲ್ಲಿಲ್ಲ.

ತಮ್ಮನಾದರೋ ಹಳೆಯ ಡಿಸ್ಕನ್ನು ಕಿತ್ತೇ ಹಾಕಬೇಕೆಂದನು. ಆತನ ಭಯವೂ ನಿರಾಧಾರವಲ್ಲ. ಸುತ್ತಣ ಹಳ್ಳಿಗಳ ಎಷ್ಟೋ ಮನೆಗಳ ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ, ಪಹಣಿ ಆ ಯಂತ್ರದಲ್ಲಿ ಕೂಡಿದ್ದುವು. ಓದು ಬಾರದ ಮುದುಕಿಯೊಬ್ಬಳು ಕಾಗದವನ್ನು ಕೈಗಿಟ್ಟು ಹೋಗುವುದು ಆತನನ್ನು ನಂಬಿ. ರಕ್ಷಣೆಯಿಲ್ಲದ ಯಂತ್ರದಿಂದ ಅವು ಕಳ್ಳರ ಪಾಲಾದರೆ ಅಂಗಡಿಯ ಹೆಸರು ಮಣ್ಣುಪಾಲಾಗುವುದು. ಲಿನಕ್ಸಿಗೆ ವೈರಸ್ಸೇ ತಗುಲದೆಂಬ ಮಾತು ಅತಿಶಯೋಕ್ತಿ. ಆದರೆ ರಕ್ಷಣೆಯ ತಿದ್ದುಪಡಿಗಳು ತಪ್ಪದೆ ಬರುತ್ತಿರುವ ವ್ಯವಸ್ಥೆಯು, ಬಾರದಿರುವುದಕ್ಕಿಂತ ಮೇಲೆಂಬುದರಲ್ಲಿ ಸಂಶಯವಿಲ್ಲ.

ಎರಡು ದಿನ ಮನೆಯಲ್ಲಿ ಮಾತಿಲ್ಲದೆ ಊಟ ನಡೆಯಿತು. ಕಡೆಗೆ ನಾವು ಮಾಡಿದ ಏರ್ಪಾಡು ಹೀಗೆ. ಅಂಗಡಿಯ ಕಡತಗಳನ್ನೆಲ್ಲಾ ಹೊಸ ಡಿಸ್ಕಿಗೆ ಸಾಗಿಸಿ, ಕೆಲಸ ಮುಗಿದ ಗಿರಾಕಿಗಳ ಪ್ರತಿಗಳನ್ನು ಅಳಿಸಿದೆವು. ಹಳೆಯ ಡಿಸ್ಕನ್ನು ಪೂರ್ತಿ ಒರಸಿ, ಯಂತ್ರದೊಡನೆಯೇ ಕ್ರಯಕ್ಕೆ ಬಂದಿದ್ದ ವಿಂಡೋಸನ್ನು ಪುನಃ ಹಾಕಿ, ಒಂದು ವರ್ಷದ ಗಡುವಿಗೆ ಹೆಸರು ಬರೆಸಿದೆವು. ಅದರಲ್ಲಿ ಆಟವೊಂದೇ, ಬ್ಯಾಂಕಿನ ಕೆಲಸವಾಗಲಿ ಅರ್ಜಿಯಾಗಲಿ ಅದರಲ್ಲಿ ನಡೆಯಕೂಡದು. ಅಂಗಡಿಯ ಡಿಸ್ಕನ್ನು ಗುಪ್ತಪದವಿಲ್ಲದೆ ಓದಲಾಗದಂತೆ ಮೊದಲೇ ಬೀಗ ಹಾಕಿದ್ದೆವು. ಸ್ಥಾಪಿಸುವಾಗ ಮಿಂಟೇ ಅದನ್ನು ಕೇಳುತ್ತದೆ. ಯಂತ್ರವನ್ನು ಹೊತ್ತಿಸುವಾಗ ಯಾವ ಡಿಸ್ಕೆಂಬುದನ್ನು ಆರಿಸಿಕೊಂಡರಾಯಿತು. ಗಡುವು ತೀರುವುದರೊಳಗೆ ಹುಡುಗನು ತನ್ನ ಗೆಳೆಯರನ್ನು ಒಪ್ಪಿಸಿಯಾನು, ಅಥವಾ ತಾನೇ ಸಂಪಾದಿಸಿ ಬೇರೆ ಯಂತ್ರವನ್ನು ಕೊಂಡಾನು. ತಮ್ಮನ ನಲವತ್ತು ಸಾವಿರ ಸದ್ಯಕ್ಕೆ ಉಳಿಯಿತು. ಮುದ್ರಣಯಂತ್ರವೊಂದನ್ನು ಬದಲಿಸುವ ವಿಚಾರವನ್ನು ಆತನು ಯುಗಾದಿಯ ಅನಂತರಕ್ಕೆ ಇಟ್ಟುಕೊಂಡಿದ್ದಾನೆ.